ಡೋಸ್ ಏರಿಸ್ಲಿಲ್ಲ, ಮಾತ್ರೆ ಟೈಮ್ ಬದಲಾಯಿಸ್ದೆ ಅಷ್ಟೇ

ನಮ್ದು ಸೋಮವಾರಪೇಟೆ ಕಡೆ, ಮನೆ ಸುತ್ತ ಕಾಫಿ ತೋಟ. ಥೈರಾಯ್ಡ್ ಮಾತ್ರೆ ಶುರುವಾಗಿ ಆರೇಳು ವರ್ಷ ಆಯ್ತು. ಟಿಎಸ್‌ಎಚ್ ಅಂದ್ರೆ ರಕ್ತದ ಟೆಸ್ಟಲ್ಲಿ ನೋಡೋ ಹಾರ್ಮೋನ್, ಮೈಗೆ ಥೈರಾಯ್ಡ್ ಸಾಲ್ದೆ ಇದ್ರೆ ಅದು ಏರತ್ತೆ, ಹೆಚ್ಚಾದ್ರೆ ಇಳಿಯತ್ತೆ.

ಡೋಸ್ 50 ಮೈಕ್ರೋಗ್ರಾಂನಿಂದ ಶುರು, 75 ಆಯ್ತು, 100 ಆಯ್ತು, ಟಿಎಸ್‌ಎಚ್ ಮಾತ್ರ 9, 11, ಒಂದ್ಸಲ 14ರ ಹತ್ರ. ಕುಯ್ಲಿನ ಟೈಮಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೆಲಸದವ್ರು ಬೆವರು ಒರೆಸ್ಕೊತಿದ್ರೆ ನಾನು ಕಣದಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿರ್ತಿದ್ದೆ. ಮಾತ್ರೆ ಮರೀತಿದೀಯ ಅಂತ ಮನೆಯವ್ರು. ಒಂದು ದಿನಾನೂ ಮರ್ತಿಲ್ಲ ರೀ! ಈ ಮಧ್ಯೆ ಯಾರೋ ಹೇಳಿದ್ರು ಅಂತ ಥೈರಾಯ್ಡ್ ಬೇರು ಸಮೇತ ಕೀಳೋ ಪುಡಿ ಬೇರೆ ತರಿಸ್ದೆ, ಎರಡೂವರೆ ಸಾವಿರ ಹೋಯ್ತು, ಈಗ ಆ ಡಬ್ಬಿಲಿ ಕರಿಮೆಣಸು ಇದೆ.

ತಪ್ಪು ಎಲ್ಲಿತ್ತು ಅಂದ್ರೆ, ಐದು ಗಂಟೆಗೆ ಎದ್ದು ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಬೆಲ್ಲದ ಕಾಫಿ ಕುಡೀತಿದ್ದೆ. ಖಾಲಿ ಹೊಟ್ಟೆ ಅಂದ್ರೆ ತಿಂಡಿ ತಿನ್ನಬಾರ್ದು ಅಂತಷ್ಟೇ ತಿಳ್ಕೊಂಡಿದ್ದೆ, ನಮ್ಮೂರಲ್ಲಿ ಕಾಫಿನ ಯಾರು ಲೆಕ್ಕಕ್ಕೆ ಹಿಡೀತಾರೆ? ಆದ್ರೆ ಕಾಫಿ ಬಿದ್ರೆ ಮಾತ್ರೆ ಸರಿಯಾಗಿ ಹೀರ್ಕೊಳಲ್ಲ. ಸಾಲದ್ದಕ್ಕೆ ತಿಂಡಿ ಜೊತೆ ಕ್ಯಾಲ್ಸಿಯಂ, ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಒಂದು ಗಂಟೆ ಕಾಫಿ ತಡ ಮಾಡೋಣ ಅಂದ್ಕೊಂಡೆ, ನಾಲ್ಕೇ ದಿನ. ನಾಲ್ಕು ಗಂಟೆಗೆ ಅಲಾರಂ ಇಟ್ಟೆ, ನಿದ್ದೆ ಕೆಟ್ಟು ಮನೆಯವ್ರ ಮೇಲೆಲ್ಲ ಸಿಡುಕು. ಕೊನೆಗೆ ಡಾಕ್ಟರನ್ನ ಕೇಳ್ದೆ, ರಾತ್ರಿ ತಗೊಂಡ್ರೆ ಆಗಲ್ವಾ ಅಂತ. ಊಟ ಆಗಿ ಮೂರು ಗಂಟೆ ಬಿಟ್ಟು ತಗೊಳ್ಳಿ ಅಂದ್ರು. ಏಳಕ್ಕೆ ಊಟ, ಹತ್ತೂಕಾಲಿಗೆ ಮಾತ್ರೆ, ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ. ಮೆಡಿಕಲ್ ಶಾಪಿನವ್ರು ನಕ್ಕು, ಬೆಳಗಿನ ಮಾತ್ರೆ ರಾತ್ರಿ ತಗೊಂಡ್ರೆ ದಂಡ ಅಂದ್ರು. ಎರಡು ತಿಂಗಳು ಬಿಟ್ಟು ಟೆಸ್ಟ್ ಮಾಡಿಸ್ದೆ, ಮುನ್ನೂರು ರೂಪಾಯಿ ಇರ್ಬೇಕು, ಅದೇ 100ರ ಡೋಸಲ್ಲಿ ಟಿಎಸ್‌ಎಚ್ 3 ಚಿಲ್ಲರೆ! ರಿಪೋರ್ಟನ್ನ ಅವ್ರ ಕೌಂಟರ್ ಮೇಲೇ ಇಟ್ಟು ಬಂದೆ. ಅತ್ತೇನ ಏಳು ಗಂಟೆ ಊಟಕ್ಕೆ ಹೇಗೆ ಒಪ್ಪಿಸ್ದೆ ಅನ್ನೋದು ಮಾತ್ರ ಹೇಳಲ್ಲ, ಅವ್ರೂ ಇದನ್ನ ಓದ್ತಾರೆ.

ಮಳೆಗಾಲದ್ದು ಇನ್ನೊಂದು ಕಥೆ. ವಾರದ ಮಾತ್ರೆ ಹಾಕಿಡೋ ಪ್ಲಾಸ್ಟಿಕ್ ಡಬ್ಬಿ ತಗೊಂಡೆ, ಜುಲೈನಲ್ಲಿ ಉಪ್ಪೇ ನೀರಾಗೋ ಊರು, ಮಾತ್ರೆ ಬೆರಳಿಗೆ ಪುಡಿಪುಡಿ ಅಂಟ್ತು. ಅಷ್ಟನ್ನೂ ಎಸೆದು ಹೊಸ ಬಾಟಲ್ ತಂದೆ, ಈಗ ಬಾಟಲಿಂದ ಸೀದಾ ಬಾಯಿಗೇನೇ.

ಆಮೇಲೆ ಕೂದಲು ಉದುರತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಿಂದೆ, ರಿಪೋರ್ಟಲ್ಲಿ ಟಿಎಸ್‌ಎಚ್ 0.2 ಬಂತು. ಡೋಸ್ ಇಳಿಸೋಣ ಅಂತ ಡಾಕ್ಟರ್ ಪೆನ್ ತೆಗೆದಾಗ ನೆನಪಾಗಿ ಹೇಳ್ದೆ, ಅದು ಟೆಸ್ಟನ್ನೇ ದಾರಿ ತಪ್ಪಿಸತ್ತಂತೆ. ನಾಲ್ಕು ದಿನ ಬಯೋಟಿನ್ ನಿಲ್ಲಿಸಿ ಮತ್ತೆ ರಕ್ತ ಕೊಟ್ರೆ 2 ಚಿಲ್ಲರೆ. ಇನ್ನೊಂದು ಮುನ್ನೂರು ದಂಡ, ಕೂದಲು ಆಗಲೂ ಉದುರ್ತಿತ್ತು ಈಗಲೂ ಉದುರ್ತಿದೆ.

ಸ್ವೆಟರ್ ಈಗ ಬೆಳಿಗ್ಗೆ ಎಂಟಕ್ಕೇ ಬಿಚ್ತೀನಿ. ತೂಕ ಎರಡೇ ಕೆಜಿ ಇಳಿದಿದ್ದು, ಅಕ್ಕಿ ರೊಟ್ಟಿ ಲೆಕ್ಕ ಕೇಳ್ಬೇಡಿ.