ಸ್ಟೇಷನ್ ಮಗ್ಗುಲಿನ ಮನೆ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಸಿಡ್ನಿಗೆ ಬರುವವರಿಗೆ

ನಮ್ಮ ಕಡೆ ಸ್ಟೇಷನ್ ಹತ್ತಿರ ಮನೆ ಅಂದರೆ ಜನ ಮೂಗು ಮುರಿಯುತ್ತಾರೆ. ಗೂಡ್ಸ್ ಗಾಡಿ ಸದ್ದು, ಲಾಡ್ಜು, ನಡುರಾತ್ರಿ ಆಟೋದವರ ಕೂಗಾಟ. ರಾಯಚೂರಿಗೆ ರೈಲು ಬಂದು ಮುಂಬೈ ಕಡೆಯ ಹಳಿ ಮದ್ರಾಸ್ ಕಡೆಯ ಹಳಿಗೆ ಕೂಡಿದ್ದು 1871ರಲ್ಲಿ. ಅಂದಿನಿಂದ ಇಂದಿನವರೆಗೂ ನಾಲ್ಕು ಕಾಸು ಕೂಡಿದ ಕೂಡಲೇ ನಾವು ಸೈಟು ಹುಡುಕುವುದು ಸ್ಟೇಷನ್ನಿನಿಂದ ಎಷ್ಟು ದೂರ ಆದೀತೋ ಅಷ್ಟು ದೂರ. ಇದೇ ಲೆಕ್ಕವನ್ನು ಚೀಲದಲ್ಲಿ ಕಟ್ಟಿಕೊಂಡು ಸಿಡ್ನಿಗೆ ಬಂದು, ಮುಂಚೆ ಬಂದ ನಾವೆಲ್ಲ ಮಾಡಿದ ಮೊದಲ ತಪ್ಪು ಒಂದೇ: ಸ್ಟೇಷನ್ನಿನಿಂದ ಮೂರು ಕಿಲೋಮೀಟರ್ ಆಚೆ, ಹಿತ್ತಲು ಇರುವ ಮನೆ. ಬಾಡಿಗೆ ಕಡಿಮೆ ಅಂತ ಹಿಗ್ಗು. ತಿಂಗಳೊಪ್ಪತ್ತಿನಲ್ಲಿ ಒಂದು ಕಾರು, ಹೆಂಡತಿಗೂ ಕೆಲಸ ಸಿಕ್ಕರೆ ಇನ್ನೊಂದು. ಇನ್ಶೂರೆನ್ಸು, ನೋಂದಣಿ, ಪೆಟ್ರೋಲು, ಬೆಳಿಗ್ಗೆ ಏಳಕ್ಕೇ ತುಂಬಿಹೋಗುವ ಸ್ಟೇಷನ್ ಪಾರ್ಕಿಂಗು. ಉಳಿಸಿದ್ದು ಹಿತ್ತಲಿನ ಹುಲ್ಲಿಗೇ ಹೋಯಿತು, ಆ ಹುಲ್ಲನ್ನೂ ನಾವೇ ಕತ್ತರಿಸಬೇಕು.

ಹಾಗಾಗಿ ಮೊದಲ ವರ್ಷ ಸ್ಟೇಷನ್ ಮಗ್ಗುಲಲ್ಲೇ ಇರಿ, ಮೂರು ತಿಂಗಳು ಕಾರಿನ ಮಾತೆತ್ತಬೇಡಿ. ಕೆಳಗೆ ಅಂಗಡಿ, ಮೇಲೆ ಮನೆ ನಮಗೇನು ಹೊಸದಲ್ಲ. ಬಳ್ಳಾರಿ ಕೌಲ್ ಬಜಾರಿನಲ್ಲಿ, ರಾಯಚೂರು ತೀನ್ ಕಂದೀಲ್ ಸುತ್ತ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಇಲ್ಲಿ ಅದು ಎರಡು ಮಹಡಿಯ ಬದಲು ಇಪ್ಪತ್ತು ಮಹಡಿ, ಅಷ್ಟೇ. ಇಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರ ಈಗ ಅದನ್ನೇ ನೀತಿ ಮಾಡಿಕೊಂಡಿದೆ. 2024ರ ಮೇ 13ರಿಂದ ಹಂತ ಹಂತವಾಗಿ ಜಾರಿಗೆ ಬಂದ ನಿಯಮದ ಪ್ರಕಾರ ಆಯ್ದ 37 ಸ್ಟೇಷನ್‌ಗಳ 400 ಮೀಟರ್ ಒಳಗೆ 22 ಮೀಟರ್ ಎತ್ತರದ ಅಪಾರ್ಟ್‌ಮೆಂಟು ಕಟ್ಟಬಹುದು. ಕೆಳಗೆ ಅಂಗಡಿ ಇಟ್ಟರೆ 24 ಮೀಟರ್. ಎಲ್ಲ ಮಹಡಿಯ ನೆಲ ಕೂಡಿಸಿದರೆ ನಿವೇಶನದ ಅಳತೆಯ ಎರಡೂವರೆ ಪಟ್ಟಿನವರೆಗೆ ಕಟ್ಟಬಹುದು. ಬಂಕ್‌ಸ್ಟೌನ್, ಹೋಮ್‌ಬುಷ್, ಹಾರ್ನ್ಸ್‌ಬಿ, ಕೆಲ್ಲಿವಿಲ್, ಬೆಲ್ಲಾ ವಿಸ್ಟಾ, ಮ್ಯಾಕ್ವಾರಿ ಪಾರ್ಕ್ ಸೇರಿ ಎಂಟು ಕಡೆ ಸ್ಟೇಷನ್ನಿನಿಂದ 1200 ಮೀಟರ್ ಒಳಗೆ ಇನ್ನೂ ಎತ್ತರಕ್ಕೆ ಕಟ್ಟುವ ಯೋಜನೆ.

ಇದರಿಂದ ಬಾಡಿಗೆದಾರನಿಗೆ ಏನಾಗುತ್ತದೆ ಅಂದರೆ, ಲಿಡ್‌ಕಂಬ್, ಆಶ್‌ಫೀಲ್ಡ್, ಬೆರಾಲಾ, ಗಾರ್ಡನ್ ಥರದ ಸ್ಟೇಷನ್ ಪಕ್ಕ ಹಳೇ ಕೆಂಪಿಟ್ಟಿಗೆಯ ಮೂರಂತಸ್ತಿನ ಮನೆ ಅಗ್ಗಕ್ಕೆ ಸಿಕ್ಕರೆ, ಅದು ಕೆಡವುವ ಸಾಲಿನಲ್ಲಿದೆಯೋ ಎಂದು ಏಜೆಂಟನ್ನು ನೇರವಾಗಿ ಕೇಳಿ, ಕೌನ್ಸಿಲ್ (ನಮ್ಮ ನಗರಸಭೆ ಇದ್ದ ಹಾಗೆ) ಜಾಲತಾಣದಲ್ಲಿ ಆ ವಿಳಾಸಕ್ಕೆ ಕೆಡವಿ ಕಟ್ಟುವ ಅರ್ಜಿ ಬಿದ್ದಿದೆಯೋ ನೋಡಿ. 2025ರ ಮೇ 19ರಿಂದ ಕಾರಣ ಕೊಡದೆ ಮನೆ ಬಿಡಿಸುವಂತಿಲ್ಲ, ನಿಜ. ಆದರೆ ಕೆಡವುವುದು ಈಗಲೂ ನಡೆಯುವ ಕಾರಣ. ಪಕ್ಕದ ನಿವೇಶನಕ್ಕೆ ಅರ್ಜಿ ಬಿದ್ದಿದ್ದರೂ ಲೆಕ್ಕ ಹಾಕಿ: ಕಟ್ಟಡ ಕೆಲಸದ ಸಾಮಾನ್ಯ ಹೊತ್ತು ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7ರಿಂದ ಸಂಜೆ 6, ಶನಿವಾರ 8ರಿಂದ ಮಧ್ಯಾಹ್ನ 1. ಮನೆಯಿಂದ ಕೆಲಸ ಮಾಡುವವರಿಗೆ ವರ್ಷಗಟ್ಟಲೆ ತಲೆ ಮೇಲೆ ಸುತ್ತಿಗೆ.

ಕಾಗದ ಪತ್ರದ್ದು ಬೇಗ ಹೇಳಿಬಿಡುತ್ತೇವೆ. ಬಾಂಡ್, ಅಂದರೆ ನಮ್ಮ ಕಡೆಯ ಅಡ್ವಾನ್ಸು, ನಾಲ್ಕು ವಾರದ ಬಾಡಿಗೆಗಿಂತ ಹೆಚ್ಚು ಇಲ್ಲ. ಮನೆಯ ಸ್ಥಿತಿ ಬರೆದ ವರದಿಯನ್ನು ಏಳು ದಿನದೊಳಗೆ ಫೋಟೋ ಸಮೇತ ತಿರುಗಿ ಕೊಡಿ. ಬಾಡಿಗೆ ಏರಿಸುವುದು ವರ್ಷಕ್ಕೆ ಒಂದೇ ಸಲ. ಮತ್ತೆ, ಬಾಡಿಗೆ ಹೇಳುವುದು ವಾರದ ಲೆಕ್ಕದಲ್ಲಿ. 700 ಡಾಲರ್ ಅಂದರೆ ನಾಲ್ಕರಿಂದ ಗುಣಿಸಿ 2,800 ಅಂದುಕೊಳ್ಳಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ: 3,033. ಆ 233 ಡಾಲರಿನ ವ್ಯತ್ಯಾಸ ಕಂಡು ಮೊದಲ ತಿಂಗಳು ಊರಿಗೆ ಹಣ ಕಳಿಸದವರು ಬಹಳ ಜನ.

ಏಜೆಂಟ್ ಹೇಳುವ 400 ಮೀಟರ್ ಹದ್ದು ಹಾರುವ ಲೆಕ್ಕ. ನಡುವೆ ಹೆದ್ದಾರಿ, ಏರು, ಸುತ್ತಿಬಳಸುವ ಮೇಲ್ಸೇತುವೆ ಇದ್ದರೆ ಅದು 900 ಆಗುತ್ತದೆ. ಒಬ್ಬ ಮನುಷ್ಯ ಸಾವಧಾನವಾಗಿ ಐದು ನಿಮಿಷಕ್ಕೆ 400 ಮೀಟರ್ ನಡೆಯುತ್ತಾನೆ, ಹತ್ತಕ್ಕೆ 800. ನೀವು ಅಳೆಯಬೇಕಾದ್ದು ಪ್ಲಾಟ್‌ಫಾರಂನಿಂದ ಮನೆಯ ಬಾಗಿಲಿಗೆ, ಲಿಫ್ಟಿಗೆ ಕಾಯುವುದನ್ನೂ ಸೇರಿಸಿ. ಮೂರು ಸಲ ನಡೆದು ನೋಡಿ: ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಹತ್ತಕ್ಕೆ, ಶನಿವಾರ ಮಧ್ಯಾಹ್ನ. ರಾತ್ರಿ ದೀಪ ಇಲ್ಲದ ಕಾಲುದಾರಿ ಹಗಲು ಕಾಣುವುದಿಲ್ಲ. ಸ್ಟೇಷನ್ನಿನ ಎರಡನೇ ಬಾಗಿಲಲ್ಲಿ ಲಿಫ್ಟ್ ಇದೆಯೋ ನೋಡಿ. ಮಗುವಿನ ಗಾಡಿ ತಳ್ಳುವಾಗ, ಅಪ್ಪ ಅಮ್ಮ ಊರಿಂದ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಸ್ಟೇಷನ್ ಇದೆ ಅಂದಮಾತ್ರಕ್ಕೆ ರೈಲು ಇದೆ ಅಂತಲೂ ಅಲ್ಲ. ಕಾರ್ಲಿಂಗ್‌ಫರ್ಡ್‌ಗೆ ಹೋಗುತ್ತಿದ್ದ ಹಳೇ ರೈಲು 2020ರ ಜನವರಿ 5ರಂದು ನಿಂತಿತು. ಅದರ ಬದಲು ಲೈಟ್ ರೈಲ್ (ಟ್ರಾಮು) ಓಡಿದ್ದು 2024ರ ಡಿಸೆಂಬರ್ 20ಕ್ಕೆ. ಹತ್ತಿರ ಹತ್ತಿರ ಐದು ವರ್ಷ ಬಸ್ಸೇ ಗತಿ. ಸಿಡೆನ್‌ಹ್ಯಾಮ್–ಬಂಕ್‌ಸ್ಟೌನ್ ಹಳಿ ಮೆಟ್ರೋಗೆ ಬದಲಿಸಲು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು, ವರ್ಷ ದಾಟಿದರೂ ತೆರೆದಿರಲಿಲ್ಲ. ಮಿಕ್ಕ ಹಳಿಗಳಲ್ಲಿ ವಾರಾಂತ್ಯ ಬಂತೆಂದರೆ ಟ್ರ್ಯಾಕ್‌ವರ್ಕ್, ಅಂದರೆ ಹಳಿಯ ಕೆಲಸ, ರೈಲಿನ ಬದಲು ಬಸ್ಸು. ಮಕ್ಕಳ ಕನ್ನಡ ಪಾಠ, ಹಬ್ಬ, ನಾಟಕ ಎಲ್ಲ ಇರುವುದೂ ವಾರಾಂತ್ಯಕ್ಕೇ! ಟಲ್ಲವಾಂಗ್‌ನಿಂದ ಸಿಡೆನ್‌ಹ್ಯಾಮ್‌ವರೆಗಿನ ಮೆಟ್ರೋ ದಟ್ಟಣೆ ಹೊತ್ತಿನಲ್ಲಿ ನಾಲ್ಕು ನಿಮಿಷಕ್ಕೊಂದು. ವೇಳಾಪಟ್ಟಿ ನೋಡುವ ಹಂಗಿಲ್ಲ. ಹಾರ್ನ್ಸ್‌ಬಿ–ಎಪ್ಪಿಂಗ್–ಸ್ಟ್ರಾತ್‌ಫೀಲ್ಡ್ ಹಳಿಯಲ್ಲಿ ರಾತ್ರಿ ಗೂಡ್ಸ್ ಓಡುತ್ತದೆ. ಹೊಸಪೇಟೆಯ ಅದಿರು ಗಾಡಿ ಕೇಳುತ್ತ ಮಲಗಿದವರಿಗೆ ಅದು ಜೋಗುಳ, ಉಳಿದವರು ಕಿಟಕಿಗೆ ಜೋಡಿ ಗಾಜು ಇದೆಯೋ ನೋಡಿಕೊಳ್ಳಿ. ಇನ್ನು ಟಿಕೆಟ್ ಯಂತ್ರಕ್ಕೆ ಹತ್ತುವಾಗ ಫೋನು, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡು ತಾಗಿಸಬೇಡಿ. ಎರಡಕ್ಕೂ ಬೇರೆ ಬೇರೆ ಪೂರ್ತಿ ದರ ಬೀಳುತ್ತದೆ.

ದಿಕ್ಕಿನ ಮಾತು ಬಂದರೆ ನಮ್ಮವರು ವಾಸ್ತು ತೆಗೆಯುತ್ತಾರೆ. ಪೂರ್ವದ ಬಾಗಿಲು ಬೇಕೆಂದು ಹಟ ಹಿಡಿದು ದಕ್ಷಿಣಕ್ಕೆ ಬಾಲ್ಕನಿ ಇರುವ ಮನೆ ಹಿಡಿದರೆ ಜೂನ್‌ನ ಚಳಿಯಲ್ಲಿ ಅನುಭವಿಸುತ್ತೀರಿ. ಇದು ಭೂಮಿಯ ದಕ್ಷಿಣದ ಅರ್ಧ, ಸೂರ್ಯ ಉತ್ತರಕ್ಕೆ ವಾಲಿ ನಡೆಯುತ್ತಾನೆ. ಬಿಸಿಲು ಬೇಕಾದರೆ ಉತ್ತರ. ದೊಡ್ಡ ಕಟ್ಟಡಗಳಿಗೆ ಇರುವ ವಿನ್ಯಾಸದ ಸೂತ್ರದ ಪ್ರಕಾರ ಚಳಿಗಾಲದ ನಡುವಿನಲ್ಲಿ ಬೆಳಿಗ್ಗೆ 9ರಿಂದ 3ರೊಳಗೆ ಕನಿಷ್ಠ ಎರಡು ಗಂಟೆ ಬಿಸಿಲು 70 ಶೇಕಡಾ ಮನೆಗಳಿಗೆ ಬೀಳಬೇಕು. ಬಿಸಿಲೇ ಬೀಳದವು 15 ಶೇಕಡಾ ದಾಟಬಾರದು. ನಿಮಗೆ ಕಡಿಮೆಗೆ ಸಿಗುತ್ತಿರುವುದು ಆ 15ರಲ್ಲಿ ಒಂದೋ ಕೇಳಿ. ಅಂಥ ಮನೆಯಲ್ಲಿ ಅರಿವೆ ಒಣಗದು, ಬೀರುವಿನ ಹಿಂದೆ ಬೂಷ್ಟು ಕಟ್ಟುತ್ತದೆ, ತುಳಸಿ ಜುಲೈ ದಾಟುವುದಿಲ್ಲ. ಎರಡು ಮಲಗುವ ಕೋಣೆಯ ಮನೆಗೆ ಕನಿಷ್ಠ ಅಳತೆ 70 ಚದರ ಮೀಟರ್, ಅಂದರೆ 750 ಚದರಡಿಯ ಆಸುಪಾಸು. ಮೂವತ್ತು ನಲವತ್ತರ ಸೈಟಿನ ಕಣ್ಣಿಗೆ ಅದು ಚಿಕ್ಕದೇ.

ಅಡಿಗೆಮನೆ ವಿಷಯಕ್ಕೆ ಬರೋಣ, ಅರ್ಧ ಜಗಳ ಹುಟ್ಟುವುದು ಅಲ್ಲೇ. ಒಲೆ ಮೇಲಿನ ಚಿಮಣಿಯ ಕಪಾಟು ತೆಗೆದು ನೋಡಿ, ಅಗಲದ ಕೊಳವೆ ಗೋಡೆಯೊಳಗೆ ಹೋಗಿದೆಯೋ ಅಂತ. ಕೊಳವೆ ಇಲ್ಲದಿದ್ದರೆ ಅದು ಹೊಗೆಯನ್ನು ಇದ್ದಿಲ ಜಾಲರಿಯಲ್ಲಿ ಸೋಸಿ ಮತ್ತೆ ನಿಮ್ಮ ಮುಖಕ್ಕೇ ಬಿಡುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಸಾಲದು. ಆಗ ನಮ್ಮವರು ಮಾಡುವ ತಪ್ಪು ಹೀಗೆ: ಒಳಗಿನ ಹೊಗೆ ಅಲಾರಂ ಕಿರುಚುತ್ತದೆ, ಗಾಬರಿಯಾಗಿ ಮುಂಬಾಗಿಲು ತೆರೆದು ಟವೆಲ್ ಬೀಸುತ್ತಾರೆ. ಮನೆಯೊಳಗಿನ ಅಲಾರಂ ಸಾಮಾನ್ಯವಾಗಿ ನಿಮ್ಮ ಕಿವಿಗಷ್ಟೇ. ಬಾಗಿಲಾಚೆ, ಮನೆಗಳ ನಡುವಿನ ಓಣಿಯ ಸೂರಿನಲ್ಲಿರುವ ಅಲಾರಂ ಇಡೀ ಕಟ್ಟಡಕ್ಕೆ, ಅಗ್ನಿಶಾಮಕ ದಳಕ್ಕೆ ನೇರ ತಂತಿ. ಮಿರ್ಚಿ ಕರಿದ ಹೊಗೆ ಅದಕ್ಕೆ ತಾಗಿತೆಂದರೆ ಇಪ್ಪತ್ತು ಮಹಡಿಯ ಜನ ಮೆಟ್ಟಿಲಿಳಿದು ಬೀದಿಯಲ್ಲಿ ನಿಲ್ಲುತ್ತಾರೆ, ಹಿಂದೆಯೇ ಸಾವಿರ ಡಾಲರ್ ದಾಟುವ ಬಿಲ್ಲು ಬರಬಹುದು. ಮುಂಬಾಗಿಲು ತೆರೆಯಲೇ ಬಾರದು. ಬಾಲ್ಕನಿ ಬಾಗಿಲು ಪೂರ್ತಿ ತೆರೆದು, ಬಚ್ಚಲಿನ ಫ್ಯಾನ್ ಹಾಕಿ, ಒಲೆ ಆರಿಸಿ. ಮಂಡಾಳ ಒಗ್ಗರಣೆ ಮಾಡುವ ಮೊದಲೇ ಇದನ್ನು ಮಾಡಿದರೆ ಇನ್ನೂ ಚೆನ್ನ.

ಜೋಳದ ರೊಟ್ಟಿಯದು ಬೇರೆ ಕಥೆ. ಹೊಸ ಕಟ್ಟಡಗಳಲ್ಲಿ ಹಲವು ಕಡೆ ಇಂಡಕ್ಷನ್ ಒಲೆ. ನಡು ತಗ್ಗಾದ ಹಂಚು, ಅಲ್ಯೂಮಿನಿಯಂ, ಮಣ್ಣಿನದು ನಡೆಯುವುದಿಲ್ಲ. ತಳ ಸಪಾಟಾಗಿರುವ ಕಬ್ಬಿಣದ ಹಂಚು ತನ್ನಿ, ಗಾಜಿನ ಮೇಲೆ ಎಳೆಯದೆ ಎತ್ತಿಡಿ. ಉರಿ ಇಲ್ಲ, ಹಾಗಾಗಿ ಕೊನೆಯಲ್ಲಿ ಬೆಂಕಿಗೆ ಹಿಡಿದು ಉಬ್ಬಿಸುವ ಬದಲು ಹಂಚಿನ ಮೇಲೆಯೇ ಒದ್ದೆ ಅರಿವೆಯಿಂದ ಅಂಚು ಒತ್ತಿ ತಿರುಗಿಸುತ್ತಿರಬೇಕು. ದೊಡ್ಡ ತೊಂದರೆ ಸದ್ದಿನದು. ಅಡಿಗೆಕಟ್ಟೆಯ ಕಲ್ಲು ಕಪಾಟಿಗೆ, ಕಪಾಟು ಗೋಡೆಗೆ, ಗೋಡೆ ಚಪ್ಪಡಿಗೆ ಅಂಟಿಕೊಂಡಿರುತ್ತದೆ. ನೀವು ರೊಟ್ಟಿ ಬಡಿದರೆ ಕೆಳಗಿನ ಮನೆಯವರಿಗೆ ಯಾರೋ ತಲೆಯ ಮೇಲೆ ಕುಟ್ಟಿದ ಹಾಗೆ. ದಪ್ಪ ರಬ್ಬರ್ ಹಾಸು, ಅದರ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಮಣೆ ಇಟ್ಟು, ಗೋಡೆಗೆ ತಾಗದ ಮೇಜಿನ ಮೇಲೆ ಬಡಿಯಿರಿ. ಬೆಳಿಗ್ಗೆ ಏಳರೊಳಗೆ ಬೇಡ. ಊರಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಈ ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರೆ ಅಂತ ಅರ್ಥ. ಇಲ್ಲಿ ಅದೇ ಸಪ್ಪಳಕ್ಕೆ ದೂರಿನ ಪತ್ರ ಬರುತ್ತದೆ. ರೊಟ್ಟಿಯ ಸಪ್ಪಳ ಕೇಳದೆ ಬೆಳೆದ ಮಕ್ಕಳು ಅದನ್ನು ಪ್ಲಾಸ್ಟಿಕ್ ಚೀಲದ ವಸ್ತು ಅಂದುಕೊಂಡರೆ ತಪ್ಪು ಯಾರದು ಹೇಳಿ.

ನೀರು. ಶುಕ್ರವಾರ ಕೊಡ ಎತ್ತಿ ನೆಲ ತೊಳೆಯುವ ಅಭ್ಯಾಸ ವಿಮಾನ ಹತ್ತುವ ಮುಂಚೆಯೇ ಬಿಡಿ. ಅಡಿಗೆಮನೆಯ ನೆಲಕ್ಕೆ ನೀರು ಹೋಗುವ ಕಿಂಡಿ ಇಲ್ಲ. ಹಾಕಿದ ನೀರು ಕಪಾಟಿನ ಕೆಳಗೆ ಇಳಿದು, ಹಲಗೆ ಉಬ್ಬಿಸಿ, ಕೆಳಮನೆಯ ಸೂರಿನಲ್ಲಿ ಕಂದು ಕಲೆಯಾಗುತ್ತದೆ. ಬಾಲ್ಕನಿ ತೊಳೆದರೆ ಕೆಳಗಿನವರ ಅರಿವೆ ಮೇಲೆ. ಮುಂಬಾಗಿಲಿಗೆ ತೋರಣದ ಮೊಳೆ ಹೊಡೆಯಬೇಡಿ: ಅದು ಬೆಂಕಿ ತಡೆಯುವ ಬಾಗಿಲು, ಒಂದು ತೂತು ಬಿದ್ದರೂ ಬಾಗಿಲು ಬದಲಿಸಲು ಹೇಳಬಹುದು. ಅಂಟುವ ಕೊಕ್ಕೆ ಹಾಕಿ. ಹೊರಗೆ ಚಪ್ಪಲಿ ಸಾಲು, ರಂಗೋಲಿ ಎರಡೂ ನಡೆಯುವುದಿಲ್ಲ. ಓಣಿ ಎಲ್ಲರ ಆಸ್ತಿ, ಬೆಂಕಿ ಬಿದ್ದಾಗ ಓಡುವ ದಾರಿ. ತುಳಸಿ ಕುಂಡವನ್ನು ಕಟಕಟೆಗೆ ಒತ್ತಿ ಇಡಬೇಡಿ. ಕೂಸು ಅದರ ಮೇಲೆ ಕಾಲಿಟ್ಟು ಹತ್ತುತ್ತದೆ. ಮೇಲಿನ ಮಹಡಿಗಳ ಕಿಟಕಿಗೆ 12.5 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದ ಕೀಲು ಇರಲೇಬೇಕೆಂದು 2018ರ ಮಾರ್ಚ್‌ನಿಂದ ಕಾನೂನಿದೆ. ಗಾಳಿ ಬರಲೆಂದು ಅದನ್ನು ಬಿಚ್ಚುವ ಜಾಣರು ನಮ್ಮಲ್ಲಿ ಇದ್ದಾರೆ. ಬಿಚ್ಚಬೇಡಿ.

ಕೆಳಗಿನ ಅಂಗಡಿಗಳ ಪೈಕಿ ಸೂಪರ್‌ಮಾರ್ಕೆಟ್ ಇದ್ದರೆ ಅದರ ಲಾರಿ ಬರುವ ಹಿಂಬದಿ ಎತ್ತ ಅಂತ ನೋಡಿ ಮಲಗುವ ಕೋಣೆ ಆರಿಸಿ. ಇಡೀ ಕಟ್ಟಡಕ್ಕೆ ಕರೆಂಟು, ಬಿಸಿನೀರು ಒಂದೇ ಕಂಪನಿಯಿಂದ ಕಟ್ಟಿಹಾಕಿದ್ದಾರೋ ಸಹಿಗೆ ಮುಂಚೆ ಕೇಳಿ. ಹಾಗಿದ್ದರೆ ಅಗ್ಗದ ಕಂಪನಿಗೆ ಬದಲಾಗುವುದು ಕಷ್ಟ. ಪಾರ್ಕಿಂಗ್ ಇಲ್ಲದ ಮನೆ ತೆಗೆದುಕೊಂಡು ಬೀದಿಯಲ್ಲಿ ಕಾರು ಬಿಡುವ ಆಸೆ ಬೇಡ, ಹೊಸ ಕಟ್ಟಡದವರಿಗೆ ಬಹಳ ಕೌನ್ಸಿಲ್‌ಗಳು ಬೀದಿ ಪರ್ಮಿಟ್ ಕೊಡುವುದಿಲ್ಲ.

ಕೊಳ್ಳುವವರಿಗೆ ಮಾತ್ರ ಇನ್ನೊಂದು ಮಾತು, ಇಲ್ಲಿ ಆತುರ ಬೇಡ. ಒಲಿಂಪಿಕ್ ಪಾರ್ಕ್‌ನ 36 ಮಹಡಿಯ ಓಪಲ್ ಟವರ್ 2018ರ ಡಿಸೆಂಬರ್ 24ರಂದು ಬಿರುಕು ಬಿಟ್ಟು ಖಾಲಿಯಾಯಿತು, ಕಟ್ಟಿ ಮುಗಿಸಿ ವರ್ಷವೂ ಆಗಿರಲಿಲ್ಲ. ಮ್ಯಾಸ್ಕಾಟ್ ಸ್ಟೇಷನ್ ಪಕ್ಕದ ಮ್ಯಾಸ್ಕಾಟ್ ಟವರ್ಸ್ 2019ರ ಜೂನ್ 14ರಂದು. ಅಲ್ಲಿನವರು ತಿರುಗಿ ಹೋಗಲೇ ಇಲ್ಲ. ಬಣ್ಣದ ಪುಸ್ತಿಕೆ ಪಕ್ಕಕ್ಕಿಡಿ, ಕೆಲವು ನೂರು ಡಾಲರ್ ಖರ್ಚು ಮಾಡಿ ಸ್ಟ್ರಾಟಾ, ಅಂದರೆ ಕಟ್ಟಡದ ಮಾಲೀಕರ ಸಂಘದ, ದಾಖಲೆ ತೆಗೆಸಿ ಓದಿ. ಮೂರು ವರ್ಷದ ಸಭೆಯ ನಡಾವಳಿಯಲ್ಲಿ ‘ವಾಟರ್‌ಪ್ರೂಫಿಂಗ್’ ಎಷ್ಟು ಸಲ ಬಂದಿದೆ ಎಣಿಸಿ. ದುರಸ್ತಿ ನಿಧಿಯಲ್ಲಿ ಎಷ್ಟಿದೆ, ಹತ್ತು ವರ್ಷದ ಯೋಜನೆ ಎಷ್ಟು ಕೇಳುತ್ತದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಈಜುಕೊಳ, ಜಿಮ್ಮು, ನಾಲ್ಕು ಲಿಫ್ಟು ಇದ್ದಷ್ಟೂ ಮೂರು ತಿಂಗಳಿಗೊಮ್ಮೆ ಆ ಸಂಘಕ್ಕೆ ಕಟ್ಟುವ ಲೆವಿ ಏರುತ್ತದೆ. ದೊಡ್ಡ ದೋಷಕ್ಕೆ ಖಾತರಿ ಆರು ವರ್ಷ, ಸಣ್ಣದಕ್ಕೆ ಎರಡೇ. ಐದನೇ ವರ್ಷದ ಕಟ್ಟಡ ಕೊಳ್ಳುವಾಗ ಇದು ನೆನಪಿರಲಿ.

ಕೌಲ್ ಬಜಾರಿನ ಮಾಳಿಗೆ ಮೇಲಿನವರಿಗೆ ಕೆಳಗಿನ ಕಿರಾಣಿಯವನು ಉದ್ದರಿ ಕೊಡುತ್ತಿದ್ದ, ಮಗ ಶಾಲೆ ತಪ್ಪಿಸಿದರೆ ಸುದ್ದಿಯನ್ನೂ ಮುಟ್ಟಿಸುತ್ತಿದ್ದ. ಇಲ್ಲಿ ಕೆಳಗಿನ ಅಂಗಡಿಯ ಯಂತ್ರಕ್ಕೆ ನಿಮ್ಮ ಕಾರ್ಡಿನ ನಂಬರ್ ಗೊತ್ತು. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಬಿಚ್ಚುವುದಿಲ್ಲ, ಮೇಲ್ಛಾವಣಿಗೆ ಬೀಗ. ಆದರೂ ಸ್ಟೇಷನ್ ಮುಂದಿನ ಬೆಂಚುಗಳು ಇವೆ. ಊರಿಂದ ಬಂದ ಹಿರಿಯರು ಸಂಜೆ ನಾಲ್ಕಕ್ಕೆ ಅಲ್ಲಿ ಕೂರುತ್ತಾರೆ, ಎರಡನೇ ವಾರಕ್ಕೆ ತೆಲುಗಿನವರೋ ತಮಿಳಿನವರೋ ಪಕ್ಕ ಬಂದು ಕೂರುತ್ತಾರೆ; ಬಳ್ಳಾರಿ, ರಾಯಚೂರಿನವರಿಗೆ ತೆಲುಗು ಬರುತ್ತದಾದ್ದರಿಂದ ಕಟ್ಟೆ ಪಂಚಾಯ್ತಿ ಶುರು. ಕಾರಿಲ್ಲದೆ ಅವರು ತಾವೇ ಹೋಗಿಬರಬಹುದಾದ ಜಾಗ ಅದೊಂದೇ, ಸ್ಟೇಷನ್ ಮಗ್ಗುಲಲ್ಲಿ ಇರಿ ಅನ್ನುವುದಕ್ಕೆ ನಮ್ಮ ದೊಡ್ಡ ಕಾರಣವೂ ಅದೇ.

ಅದಕ್ಕೊಂದು ತಯಾರಿ ಬೇಕು. ಲಿಫ್ಟು ನಿಮ್ಮ ಮಹಡಿಗೆ ಏರಲು ಕೀಲಿಕೈ ಬಿಲ್ಲೆ ಬೇಕು, ಬಾಡಿಗೆದಾರರಿಗೆ ಕೊಡುವುದು ಎಣಿಸಿ ಎರಡು. ಹೆಚ್ಚಿನದಕ್ಕೆ ಅರ್ಜಿ, ಮನೆ ಮಾಲೀಕರ ಒಪ್ಪಿಗೆ, ಹಣ, ಮೇಲೆ ಎರಡು ವಾರ ಕಾಯುವುದು. ಅಪ್ಪ ಅಮ್ಮನ ಟಿಕೆಟ್ ಆದ ದಿನವೇ ಅರ್ಜಿ ಹಾಕಿ. ಬಂದ ಮೇಲೆ ಹಾಕಿದರೆ ಮೊದಲ ಎರಡು ವಾರ ಅವರು ಮೇಲೆ ಕೂತು ನಿಮ್ಮ ದಾರಿ ಕಾಯಬೇಕಾಗುತ್ತದೆ. ಬಿಲ್ಲೆಗೆ ಕೆಂಪು ದಾರ ಕಟ್ಟಿ, ಮಹಡಿಯ ನಂಬರನ್ನು ಕನ್ನಡದಲ್ಲಿ ಬರೆದು ಕೊಡಿ.