ಎಸ್‌ಎಸ್‌ಆರ್ ಸುಡುತ್ತೆ ಅಂದವರಿಗೆ: ಓವನ್ ಪ್ಯಾನಲ್‌ನಲ್ಲಿ ನನ್ನ ಅನುಭವ

ಲೋಹಕ್ಕೆ ಪುಡಿ ಬಣ್ಣ ಹೊಡೆದು ಬೇಯಿಸುವ ನಮ್ಮ ಪೌಡರ್ ಕೋಟಿಂಗ್ ಓವನ್‌ಗೆ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಅಂದರೆ ಅಲುಗಾಡುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹಾಕುತ್ತೇನೆ ಅಂದಾಗ ಬೇಡ ಅನ್ನದವರೇ ಇರಲಿಲ್ಲ. ಕಾಂಟ್ಯಾಕ್ಟರ್ (ಕಾಯಿಲ್ ಎಳೆದು ಪಾಯಿಂಟ್ ಕೂಡಿಸುವ ಸ್ವಿಚ್) ಆದರೆ ಬಿಚ್ಚಿ ಪಾಯಿಂಟ್ ಬದಲಾಯಿಸಬಹುದು, ಇದು ಹೋದರೆ ನೇರ ಕಸದ ಬುಟ್ಟಿಗೆ ಅಂತ ಒಬ್ಬರು. ಒಂದು ಬೇಸಿಗೆ ದಾಟಲ್ಲ ನೋಡ್ತಿರು ಅಂತ ಇನ್ನೊಬ್ಬರು. ಈಗ ಎರಡು ವರ್ಷದ ಮೇಲಾಯಿತು, ಕೊನೆಗೆ ಹಾಕಿದ ಮೂರೂ ಹಾಗೇ ಇವೆ, ಒಂದನ್ನೂ ಮುಟ್ಟಿಲ್ಲ. ಹೇಳಿದವರೇ ಬಂದು ಪ್ಯಾನಲ್ ಬಾಗಿಲು ತೆಗೆಸಿ ನೋಡಿಕೊಂಡು ಹೋಗಿದ್ದಾರೆ. ಒಬ್ಬರಂತೂ ಫೋಟೋ ತೆಗೆದುಕೊಂಡು ಹೋದರು. ಆದರೆ ಫೋಟೋದಲ್ಲಿ ಕಾಣದ ವಿಷಯ ಬೇಕಾದಷ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಲೋಡ್ ಏನು ಅಂದರೆ, 12 ಕಿಲೋವ್ಯಾಟ್ ಹೀಟರ್. ಒಂದೊಂದು ಫೇಸ್‌ಗೆ 4 ಕಿಲೋವ್ಯಾಟ್, ಇನ್ನೊಂದು ತುದಿ ನ್ಯೂಟ್ರಲ್‌ಗೆ. 230 ವೋಲ್ಟ್‌ಗೆ ಫೇಸಿಗೆ 17 ಆಂಪಿಯರ್ ಚಿಲ್ಲರೆ. ಮೊದಲು ಕಾಂಟ್ಯಾಕ್ಟರ್ ಇತ್ತು. ಟೆಂಪರೇಚರ್ ನೋಡಿ ಹೀಟರ್ ಆನ್ ಆಫ್ ಮಾಡಿಸುವ ಪಿಐಡಿ ಕಂಟ್ರೋಲರ್‌ಗೆ 20 ಸೆಕೆಂಡ್ ಸೈಕಲ್ ಕೊಟ್ಟರೂ ಲೆಕ್ಕ ಹಾಕಿ ನೋಡಿ: ಗಂಟೆಗೆ 180 ಸಲ, ಎಂಟು ಗಂಟೆ ಓಡಿದರೆ ದಿನಕ್ಕೆ 1,400ರ ಮೇಲೆ, ವರ್ಷಕ್ಕೆ ನಾಲ್ಕು ಲಕ್ಷ ಸಲ ಬಡಿತ. ಪಾಯಿಂಟ್‌ಗಳು ಕರಟಿ ಗುಳಿ ಬೀಳುತ್ತಿದ್ದವು. ಸೈಕಲ್ ಉದ್ದ ಮಾಡಿದರೆ ಕಾಂಟ್ಯಾಕ್ಟರ್ ಬಾಳುತ್ತದೆ, ಓವನ್ ಟೆಂಪರೇಚರ್ ಓಲಾಡುತ್ತದೆ. 190ಕ್ಕೆ ಸೆಟ್ ಮಾಡಿದ್ದು ಆರೇಳು ಡಿಗ್ರಿ ಮೇಲೆ ಕೆಳಗೆ ಆಡುತ್ತಿತ್ತು. ತೆಳು ಶೀಟ್‌ಗೆ ಒಂದು ಬಣ್ಣ, ದಪ್ಪ ಬ್ರಾಕೆಟ್‌ಗೆ ಇನ್ನೊಂದು.

ನಾನು ಕೈ ಹಾಕುವುದಕ್ಕೆ ಮೊದಲೇ, ಪ್ಯಾನಲ್ ಮಾಡಿಕೊಟ್ಟವರು ಒಂದು ಫೇಸ್‌ಗೆ 25 ಆಂಪಿಯರ್ ಎಸ್‌ಎಸ್‌ಆರ್ ಹಾಕಿ ತೋರಿಸಿದ್ದರು. 17 ಆಂಪಿಯರ್‌ಗೆ 25 ಸಾಕಲ್ವಾ ಅನ್ನಿಸುತ್ತದೆ. ಹಾಕಿದ್ದು ಎಲ್ಲಿ? ಪೇಂಟ್ ಹೊಡೆದ ತಗಡಿನ ಪ್ಲೇಟ್ ಮೇಲೆ, ಬಿಸಿ ದಾಟಿಸುವ ಪೇಸ್ಟ್ ಇಲ್ಲದೆ, ಎರಡು ಸ್ಕ್ರೂ ತಿರುಗಿಸಿ. ಅದು ಹೋಯಿತು, ಹೋಗುವಾಗ ಆಫ್ ಆಗಿ ಹೋಗಲಿಲ್ಲ. ಆನ್ ಆಗಿಯೇ ಕೂತುಬಿಟ್ಟಿತು. ಕಂಟ್ರೋಲರ್‌ನ ಔಟ್‌ಪುಟ್ ಲೈಟ್ ಆರಿದೆ, ಎಸ್‌ಎಸ್‌ಆರ್ ಮೇಲಿನ ಸಣ್ಣ ಎಲ್‌ಇಡಿಯೂ ಆರಿದೆ, ಹೀಟರ್ ಮಾತ್ರ ಉರಿಯುತ್ತಲೇ ಇದೆ. ಓವನ್ ಒಳಗಿದ್ದ ಬಿಳಿ ಬಣ್ಣದ ಶೀಟ್‌ಗಳು ಕೆನೆ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಹಳದಿಯಾಗಿ ಬಂದವು. ಬಿಸಿ ಮಿತಿ ಮೀರಿದರೆ ಕತ್ತರಿಸುವ ಹೈ ಲಿಮಿಟ್ ಥರ್ಮೋಸ್ಟ್ಯಾಟ್ ಇದ್ದದ್ದಕ್ಕೆ ಅಷ್ಟಕ್ಕೇ ನಿಂತಿತು. ಆ ಬ್ಯಾಚ್ ಪೂರ್ತಿ ಸ್ಟ್ರಿಪ್ ಮಾಡಿ ಮತ್ತೆ ಹೊಡೆದ ಖರ್ಚಿನಲ್ಲಿ ಒಳ್ಳೇ ಎಸ್‌ಎಸ್‌ಆರ್ ಒಂದು ಡಜನ್ ಬರುತ್ತಿತ್ತು. ಎಸ್‌ಎಸ್‌ಆರ್ ಅಂದರೆ ಜನ ಹೆದರುವುದು ಇಂಥದ್ದನ್ನು ನೋಡಿಯೇ.

ಆಮೇಲೆ ತಂದದ್ದು 40 ಆಂಪಿಯರ್ ಅಂತ ಬರೆದಿದ್ದ ಅಗ್ಗದ ಮಾಲು. ಅದರಲ್ಲೂ ಒಂದು ಬೇಗ ಹೋಯಿತು. ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ ಎಪಾಕ್ಸಿ ಕೆರೆದು ತೆಗೆದೆ. ಒಳಗೆ ಉಗುರಿನಷ್ಟು ಒಂದೇ ಒಂದು ಟ್ರಯಾಕ್ (ಸ್ವಿಚ್ ಕೆಲಸ ಮಾಡುವ ಚಿಪ್), ಮೇಲೆ ಬರೆದದ್ದು 16 ಆಂಪಿಯರ್‌ದು. ಅಡಿಯ ಪ್ಲೇಟ್ ತೆಳು ಅಲ್ಯೂಮಿನಿಯಂ, ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಪಕ್ಕದಲ್ಲಿ ಸುಟ್ಟಿದ್ದ ಒಳ್ಳೇ ಕಂಪನಿಯ ಒಂದನ್ನು ಬಿಚ್ಚಿದರೆ, ಬಿಳಿ ಸೆರಾಮಿಕ್ ತುಂಡಿನ ಮೇಲೆ ಬೆನ್ನಿಗೆ ಬೆನ್ನು ಹಾಕಿದ ಎರಡು ಎಸ್‌ಸಿಆರ್ ಚಿಪ್, ಕೆಳಗೆ ದಪ್ಪ ತಾಮ್ರದ ಪ್ಲೇಟ್. ಕೈಯಲ್ಲಿ ಹಿಡಿದರೇ ತೂಕ ಗೊತ್ತಾಗುತ್ತದೆ. ಅಂದಿನಿಂದ ಕೊಳ್ಳುವಾಗ ನಾನು ಲೇಬಲ್ ನೋಡುವ ಮೊದಲು ತಿರುಗಿಸಿ ಹೊಟ್ಟೆ ನೋಡುತ್ತೇನೆ. ಡೇಟಾ ಶೀಟ್ ಇಲ್ಲದ್ದು, ಅದರಲ್ಲಿ ಟೆಂಪರೇಚರ್‌ಗೆ ಕರೆಂಟ್ ಇಳಿಯುವ ಗ್ರಾಫ್ ಇಲ್ಲದ್ದು ಬೇಡವೇ ಬೇಡ.

ಆ ಗ್ರಾಫೇ ಎಲ್ಲ. 40 ಆಂಪಿಯರ್ ಅನ್ನುವುದು ದೊಡ್ಡ ಹೀಟ್ ಸಿಂಕ್ (ಬಿಸಿ ಎಳೆದು ಹೊರಬಿಡುವ ರೆಕ್ಕೆಯ ಲೋಹ) ಮೇಲೆ, ತಣ್ಣಗಿರುವ ಜಾಗದಲ್ಲಿ. ಹೀಟ್ ಸಿಂಕ್ ಇಲ್ಲದೆ ಬರಿದೇ ಬಿಟ್ಟರೆ ಅದೇ ಎಸ್‌ಎಸ್‌ಆರ್ ನಾಲ್ಕೈದು ಆಂಪಿಯರ್‌ಗೇ ಸುಸ್ತು. ಆನ್ ಇದ್ದಾಗ ಒಳಗೆ ಸುಮಾರು 1.2 ವೋಲ್ಟ್ ಬೀಳುತ್ತದೆ, ಅಂದರೆ ಪ್ರತಿ ಆಂಪಿಯರ್‌ಗೂ ಒಂದು ವ್ಯಾಟ್‌ಗಿಂತ ಜಾಸ್ತಿ ಬಿಸಿ. ನನ್ನ 17 ಆಂಪಿಯರ್‌ಗೆ 20 ವ್ಯಾಟ್, ಮೂರಕ್ಕೆ 60. ಮುಚ್ಚಿದ ಪ್ಯಾನಲ್ ಒಳಗೆ 60 ವ್ಯಾಟ್ ಅಂದರೆ ಒಂದು ಹಳೇ ಬಲ್ಬ್ ಹೊತ್ತಿಸಿ ಬಾಗಿಲು ಮುಚ್ಚಿದ ಹಾಗೆ. ಅದೂ ಓವನ್ ಪಕ್ಕದ ಪ್ಯಾನಲ್. ಒಳಗಿನ ಗಾಳಿಯೇ 55 ದಾಟುತ್ತಿತ್ತು. ಫ್ಯಾನ್ ಹಾಕಿ ನೋಡಿದೆ, ಪೌಡರ್ ಎಳೆದುಕೊಂಡು ಫಿಲ್ಟರ್ ವಾರದಲ್ಲೇ ಕಟ್ಟಿಕೊಂಡಿತು. ಪೌಡರ್ ಕೆಲಸದ ಜಾಗದಲ್ಲಿ ಫ್ಯಾನ್ ನಂಬಿ ಎಸ್‌ಎಸ್‌ಆರ್ ಹಾಕಬೇಡಿ, ಫ್ಯಾನ್ ನಿಂತದ್ದು ಗೊತ್ತಾಗುವುದು ಎಸ್‌ಎಸ್‌ಆರ್ ಸತ್ತ ಮೇಲೆ.

ಕೊನೆಗೆ ಪ್ಯಾನಲ್ ಹಿಂಬದಿ ಕತ್ತರಿಸಿ, ಒಂದೊಂದಕ್ಕೂ ಬೇರೆ ಹೀಟ್ ಸಿಂಕ್ ಇಟ್ಟು, ರೆಕ್ಕೆಗಳನ್ನು ಹೊರಗೆ ಬಿಟ್ಟೆ. ಎಸ್‌ಎಸ್‌ಆರ್ ಒಳಗೆ, ಬಿಸಿ ಹೊರಗೆ. ರೆಕ್ಕೆ ಮೇಲಿಂದ ಕೆಳಕ್ಕೆ ಬರಬೇಕು, ಅಡ್ಡ ಹಾಕಿದರೆ ಗಾಳಿ ಏರುವುದಿಲ್ಲ. ಒಂದು ವ್ಯಾಟ್ ಬಿಸಿಗೆ ಒಂದು ಡಿಗ್ರಿಯ ಆಸುಪಾಸು ಏರುವ ಸಿಂಕ್ ತೆಗೆದುಕೊಂಡೆ, ಎಸ್‌ಎಸ್‌ಆರ್‌ಗಿಂತ ಸಿಂಕ್‌ಗೇ ಜಾಸ್ತಿ ದುಡ್ಡು ಬಿತ್ತು. ಎಲ್ಲರೂ ನಕ್ಕದ್ದು ಇಲ್ಲೇ. ಸ್ಕ್ರೂ ಪಕ್ಕದಲ್ಲಿ ಥರ್ಮೋಕಪಲ್ ಸಿಕ್ಕಿಸಿ ನೋಡಿದರೆ, ಹೊರಗೆ 38 ಇದ್ದ ಮಧ್ಯಾಹ್ನ ಫುಲ್ ಲೋಡ್‌ನಲ್ಲಿ ಬೇಸ್ ಪ್ಲೇಟ್ 60ರ ಹತ್ತಿರ ನಿಂತಿತು. 80ರ ಒಳಗಿದ್ದರೆ ನನಗೆ ಸಾಕಾಗಿತ್ತು. ಥರ್ಮಲ್ ಪೇಸ್ಟ್ ತೆಳ್ಳಗೆ ಎಳೆಯಬೇಕು, ಜಾಸ್ತಿ ಹಚ್ಚಿದರೆ ಅದೇ ಅಡ್ಡ ಬರುತ್ತದೆ. ಒಮ್ಮೆ ಕೂರಿಸಿ, ಎತ್ತಿ, ಅಡಿಯಲ್ಲಿ ಪೇಸ್ಟ್ ಹರಡಿದ ಗುರುತು ನೋಡಿ. ಮಧ್ಯದಲ್ಲಿ ಖಾಲಿ ಇದ್ದರೆ ಸಿಂಕ್ ಮುಖ ಸಮ ಇಲ್ಲ ಅಂತ ಅರ್ಥ, ಗಾಜಿನ ಮೇಲೆ ಎಮೆರಿ ಪೇಪರ್ ಇಟ್ಟು ಉಜ್ಜಿ. ಕತ್ತರಿಸಿದ ಕಿಂಡಿಯಿಂದ ಪೌಡರ್ ಒಳಗೆ ಬರದ ಹಾಗೆ ಸೀಲ್ ಮಾಡಿದ ರೀತಿ ಒಂದಿದೆ, ಅದು ನನ್ನಲ್ಲೇ ಇರಲಿ. ಆ ಫೋಟೋದಲ್ಲಂತೂ ಅದು ಬಂದಿಲ್ಲ.

ವೈರ್ ತುದಿಗೆ ಲಗ್ ಹಾಕಿ ಬಿಗಿ ಮಾಡಿ. ಎರಡು ವಾರ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಸ್ಕ್ರೂ ಸಡಿಲ ಇದ್ದು ಕರಗಿದ ಟರ್ಮಿನಲ್ ತೋರಿಸಿ ಎಸ್‌ಎಸ್‌ಆರ್ ಸರಿ ಇಲ್ಲ ಅನ್ನುವವರು ಬಹಳ ಜನ.

ವೋಲ್ಟೇಜ್ ವಿಷಯದಲ್ಲಿ ಜಿಪುಣತನ ಬೇಡ. 230ರ ಲೈನ್‌ಗೆ ನಾನು 480 ವೋಲ್ಟ್ ಕ್ಲಾಸ್‌ನದ್ದು, ಒಳಗೆ 1200 ವೋಲ್ಟ್ ಪೀಕ್ ತಡೆಯುವುದನ್ನೇ ಹಾಕಿದ್ದು. ಔಟ್‌ಪುಟ್‌ಗೆ ಅಡ್ಡಲಾಗಿ ವೋಲ್ಟೇಜ್ ಚಿಮ್ಮಿದರೆ ನುಂಗುವ 275 ವೋಲ್ಟ್ ಎಂಓವಿಯೂ ಇದೆ. ಸಾಲಿನಲ್ಲಿ ವೆಲ್ಡಿಂಗ್ ಮೆಷಿನ್ ಇರುವವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಫ್ಯೂಸ್ ಮಾತು ಬಂದರೆ ಎಲ್ಲರೂ ಎಂಸಿಬಿ ಇದೆಯಲ್ಲ ಅನ್ನುತ್ತಾರೆ. ಹೀಟರ್ ರಾಡ್ ಬಾಡಿಗೆ ತಾಗಿ ಶಾರ್ಟ್ ಆದಾಗ ನಮ್ಮ ಎಂಸಿಬಿ ಟ್ರಿಪ್ ಆಯಿತು, ಸರಿ, ಆದರೆ ಅಷ್ಟರಲ್ಲಿ ಆಗಿದ್ದ ಹಳೇ ಎಸ್‌ಎಸ್‌ಆರ್ ಹೋಗಿತ್ತು. ಎಂಸಿಬಿ ವೈರ್ ಉಳಿಸುತ್ತದೆ, ಚಿಪ್ ಉಳಿಸುವುದಿಲ್ಲ. ತಟ್ಟನೆ ಕರಗುವ ಸೆಮಿಕಂಡಕ್ಟರ್ ಫ್ಯೂಸ್ ಬೇಕು, ಅದರ ಐ ಸ್ಕ್ವೇರ್ ಟಿ (ಕಡಿಯುವಷ್ಟರಲ್ಲಿ ಒಳಬಿಡುವ ಕರೆಂಟ್ ಹೊಡೆತದ ಅಳತೆ) ಎಸ್‌ಎಸ್‌ಆರ್‌ದಕ್ಕಿಂತ ಕಡಿಮೆ ಇರಬೇಕು. ಈ ಫ್ಯೂಸ್ ಅಗ್ಗ ಅಲ್ಲ. ಫ್ಯೂಸ್, ಹೋಲ್ಡರ್ ಎರಡೂ ಸೇರಿದರೆ ಎಸ್‌ಎಸ್‌ಆರ್ ಬೆಲೆಯನ್ನೇ ಮುಟ್ಟುತ್ತದೆ, ಹಾಗಾಗಿ ಸಣ್ಣ ಲೋಡ್‌ಗೆ ನಾನೂ ಹಾಕುವುದಿಲ್ಲ, ಸ್ಪೇರ್ ಇಟ್ಟುಕೊಳ್ಳುತ್ತೇನೆ. ಇಲ್ಲಿ ಮಾತ್ರ ಹಾಕಿದ್ದೇನೆ.

ಹಳೇ ಕಾಂಟ್ಯಾಕ್ಟರ್ ಬಿಸಾಡಿಲ್ಲ. ಎಸ್‌ಎಸ್‌ಆರ್‌ಗಳ ಮುಂದೆ ಸೀರೀಸ್‌ನಲ್ಲಿ ಅದೇ ಕೂತಿದೆ, ಕಾಯಿಲ್ ಹೈ ಲಿಮಿಟ್ ಥರ್ಮೋಸ್ಟ್ಯಾಟ್ ಮೂಲಕ ಹೋಗುತ್ತದೆ. ಬೆಳಿಗ್ಗೆ ಒಮ್ಮೆ ಹಿಡಿಯುತ್ತದೆ, ಸಂಜೆ ಬಿಡುತ್ತದೆ. ಮೊದಲು ಎಸ್‌ಎಸ್‌ಆರ್ ಆಫ್, ಆಮೇಲೆ ಕಾಂಟ್ಯಾಕ್ಟರ್, ಹಾಗಾಗಿ ಪಾಯಿಂಟ್‌ಗೆ ಕಿಡಿಯೇ ಇಲ್ಲ. ಎಸ್‌ಎಸ್‌ಆರ್ ಶಾರ್ಟ್ ಆದರೆ ಇದು ಕತ್ತರಿಸುತ್ತದೆ. ಹೀಟರ್ ಇದ್ದ ಕಡೆ ಇದಿಲ್ಲದೆ ಎಸ್‌ಎಸ್‌ಆರ್ ಹಾಕಿದ ಪ್ಯಾನಲ್ ಕಂಡರೆ ನಾನು ಮೇನ್ ಆನ್ ಮಾಡಲ್ಲ, ಯಾರು ಏನೇ ಅನ್ನಲಿ. ಕೈ ಹಾಕಿ ಕೆಲಸ ಮಾಡುವಾಗಲೂ ಅಷ್ಟೇ, ಎಸ್‌ಎಸ್‌ಆರ್ ಆಫ್ ಇದೆ ಅಂತ ಹೀಟರ್ ಮುಟ್ಟುವ ಹಾಗಿಲ್ಲ. ಆಫ್‌ನಲ್ಲೂ ಕೆಲವು ಮಿಲಿ ಆಂಪಿಯರ್ ಸೋರುತ್ತದೆ.

ಈ ಸೋರಿಕೆಯಿಂದ ಒಂದು ತಮಾಷೆಯೂ ಆಗುತ್ತದೆ. ಲೋಡ್ ಬಿಚ್ಚಿಟ್ಟು ಮೀಟರ್ ಹಿಡಿದರೆ ಆಫ್ ಇರುವ ಎಸ್‌ಎಸ್‌ಆರ್ ಆಚೆ 200 ಚಿಲ್ಲರೆ ವೋಲ್ಟ್ ತೋರಿಸುತ್ತದೆ. ಹುಡುಗರು ಶಾರ್ಟ್ ಅಂತ ಒಳ್ಳೇದನ್ನೇ ಬಿಚ್ಚಿ ಎಸೆಯುತ್ತಿದ್ದರು. ಮೀಟರ್ ಬಿಟ್ಟು 100 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿ ನೋಡಿ, ಆರಿದರೆ ಎಸ್‌ಎಸ್‌ಆರ್ ಚೆನ್ನಾಗಿದೆ. ಕಸದ ಡಬ್ಬದಿಂದ ಎತ್ತಿದ ಇಂಥ ಒಂದು ಈಗ ನನ್ನ ಟೆಸ್ಟ್ ಬೆಂಚ್‌ನಲ್ಲಿ ಓಡುತ್ತಿದೆ.

ಕಂಟ್ರೋಲರ್‌ನಲ್ಲಿ ಸೈಕಲ್ 2 ಸೆಕೆಂಡ್ ಇಟ್ಟೆ. ವೋಲ್ಟೇಜ್ ಸೊನ್ನೆ ದಾಟುವಾಗ ಮಾತ್ರ ಆನ್ ಆಗುವ ಝೀರೋ ಕ್ರಾಸ್ ಎಸ್‌ಎಸ್‌ಆರ್, 50 ಹರ್ಟ್ಸ್‌ನಲ್ಲಿ ಅರ್ಧ ಸೈಕಲ್‌ಗೆ 10 ಮಿಲಿ ಸೆಕೆಂಡ್, ಅಂದರೆ 2 ಸೆಕೆಂಡ್‌ನಲ್ಲಿ 200 ಮೆಟ್ಟಿಲು ಸಿಗುತ್ತದೆ. ಓವನ್‌ಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ಸೈಕಲ್ ಚಿಕ್ಕದಾದಷ್ಟೂ ಚಿಪ್ ಕಾದು ತಣಿಯುವ ಏರಿಳಿತ ಕಡಿಮೆ, ಒಳಗಿನ ಬೆಸುಗೆ ಬಾಳುತ್ತದೆ. ಈಗ ಟೆಂಪರೇಚರ್ ಒಂದೆರಡು ಡಿಗ್ರಿಯೊಳಗೆ ನಿಲ್ಲುತ್ತದೆ, ಬಣ್ಣದ ತಕರಾರು ನಿಂತಿದೆ. ಮೂರೂ ಫೇಸ್ ಒಟ್ಟಿಗೆ ಹೊಡೆದರೆ ಶೆಡ್ಡಿನ ಲೈಟುಗಳು ಮಿಣಮಿಣ ಅನ್ನುತ್ತಿದ್ದವು, ಅದನ್ನು ಹಿಂದೆ ಮುಂದೆ ಮಾಡಿ ಹೊಡೆಯಲು ಒಂದು ಸಣ್ಣ ಬೋರ್ಡ್ ಮಾಡಿಕೊಂಡಿದ್ದೇನೆ. ಅದರ ಪ್ರೋಗ್ರಾಂ ಕೇಳಬೇಡಿ. ಒಂದು ಮಾತು ಹೇಳುತ್ತೇನೆ: ಬೋರ್ಡ್‌ನ 3.3 ವೋಲ್ಟ್ ಪಿನ್ ನೇರ ಎಸ್‌ಎಸ್‌ಆರ್‌ಗೆ ಕೊಡಬೇಡಿ. 3ರಿಂದ 32 ವೋಲ್ಟ್ ಅಂತ ಬರೆದಿದ್ದರೂ ಅದು ಅಂಚು, ಕೆಲವು ಹಿಡಿಯುತ್ತವೆ, ಕೆಲವು ಇಲ್ಲ. ಟ್ರಾನ್ಸಿಸ್ಟರ್ ಹಾಕಿ 12 ವೋಲ್ಟ್ ಕೊಡಿ.

ಇದು ಸರಿಯಾದ ಮೇಲೆ ಸುಮ್ನೆ ಕೂರಲಾಗದೆ ಉಳಿದ ಲೋಡ್‌ಗಳಿಗೂ ಹಾಕಿ ನೋಡಿದೆ. ಸಣ್ಣ ಎಲ್‌ಇಡಿ ದೀಪ ಆಫ್‌ನಲ್ಲೂ ಮಂಕಾಗಿ ಉರಿಯುತ್ತದೆ, ಜೊತೆಗೆ ಪ್ಯಾರಲಲ್ ಒಂದು ರೆಸಿಸ್ಟರ್ ಬೇಕು. ಸಾಲಾಗಿ ಹಾಲೊಜೆನ್ ಲ್ಯಾಂಪ್ ಹಾಕಿದರೆ ತಣ್ಣಗಿರುವಾಗ ಮಾಮೂಲಿಗಿಂತ ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ, ಎಸ್‌ಎಸ್‌ಆರ್ ದೊಡ್ಡದೇ ಬೇಕು. ಮೋಟರ್‌ದೂ ಆರೇಳು ಪಟ್ಟು. ಡಿಸಿ ಸೋಲೆನಾಯ್ಡ್‌ಗೆ ಎಸಿ ಎಸ್‌ಎಸ್‌ಆರ್ ಹಾಕಿದರೆ ಆನ್ ಆಗುತ್ತದೆ, ಆಫ್ ಆಗುವುದೇ ಇಲ್ಲ, ಕರೆಂಟ್ ಸೊನ್ನೆಗೆ ಬರಬೇಕಲ್ಲ. ಅದಕ್ಕೆ ಮಾಸ್‌ಫೆಟ್ ಇರುವ ಡಿಸಿ ಎಸ್‌ಎಸ್‌ಆರ್ ತಂದು, ಕಾಯಿಲ್‌ಗೆ ಡಯೋಡ್ ಹಾಕಿದೆ.

ಸೋಲಿಸಿದ್ದು ಒಂದೇ, ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್. ಝೀರೋ ಕ್ರಾಸ್ ಅಂದರೆ ಮೆತ್ತಗೆ ಆನ್ ಆಗುತ್ತದೆ ಅಂದುಕೊಳ್ಳುತ್ತೇವೆ, ಟ್ರಾನ್ಸ್‌ಫಾರ್ಮರ್‌ಗೆ ಉಲ್ಟಾ. ಸೊನ್ನೆಯಲ್ಲಿ ಕೊಟ್ಟರೆ ಕೋರ್ ಸ್ಯಾಚುರೇಟ್ ಆಗಿ ಅತಿ ಹೆಚ್ಚು ಕರೆಂಟ್ ಎಳೆಯುವುದು ಆಗಲೇ. ಗುಂಯ್ ಅಂತ ಒಮ್ಮೆ ಅಂದು ಎಂಸಿಬಿ ಬೀಳುತ್ತದೆ. ವೋಲ್ಟೇಜ್ ಪೀಕ್‌ನಲ್ಲಿ ಆನ್ ಮಾಡಬೇಕು, ಅದಕ್ಕೆ ಹೇಳಿದ ಕ್ಷಣಕ್ಕೇ ಆನ್ ಆಗುವ ರ್‍ಯಾಂಡಮ್ ಟರ್ನ್ ಆನ್ ಎಸ್‌ಎಸ್‌ಆರ್ ತಂದು ಟೈಮಿಂಗ್ ಹೊಂದಿಸುತ್ತಿದ್ದೇನೆ. ಈಗ ಹೆಚ್ಚಿನ ಸಲ ಎಂಸಿಬಿ ಬೀಳದೆ ನಿಲ್ಲುತ್ತದೆ, ಕೆಲವೊಮ್ಮೆ ಬೀಳುತ್ತದೆ. ಅದು ಪೂರ್ತಿ ಸರಿಯಾಗುವತನಕ ಆ ಟ್ರಾನ್ಸ್‌ಫಾರ್ಮರ್ ಕಾಂಟ್ಯಾಕ್ಟರ್ ಮೇಲೆಯೇ ಓಡುತ್ತಿದೆ.