ಹಡಗಲ್ಲಿ ಹದಿನೈದು ದಿನಕ್ಕೆ ಒಂದೊಂದೇ ಸಣ್ಣ ಬ್ಯಾಗು, ಬಟ್ಟೆಗೆ ಎಂತ ಮಾಡಿದ್ದು?

ಹಡಗಲ್ಲಿ ಅಮೆರಿಕಕ್ಕೆ ಹೋದೆವು ಅಂತ ಹೇಳಿದ್ರೆ ನಮ್ಮ ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆ ಗಂಡಸರು ಮೊದಲು ಕೇಳುದು ದುಡ್ಡೆಷ್ಟಾಯ್ತು ಅಂತ, ಹೆಂಗಸರು ಕೇಳುದು ಬಟ್ಟೆಗೆಲ್ಲ ಎಂತ ಮಾಡಿದ್ರಿ ಅಂತ. ದುಡ್ಡಿನ ವಿಷಯ ಇವರತ್ರ ಕೇಳಿ, ಬಟ್ಟೆಯದ್ದು ನಾನು ಹೇಳ್ತೇನೆ.

ಮಗಳಿರುದು ಫ್ಲೋರಿಡಾದಲ್ಲಿ. ಚಳಿಗಾಲ ಶುರುವಾಗುವ ಮೊದಲು ಯುರೋಪಿನ ಕಡೆ ಓಡುವ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಸುಮಾರಷ್ಟು ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಕಡೆಗೆ ಹೋಗ್ತವೆ, ಹೇಗೂ ಹೋಗ್ಲೇಬೇಕಾದ ಹಡಗು ಅಲ್ವಾ, ಆಗ ಟಿಕೆಟ್ ದಿನದ ಲೆಕ್ಕ ಹಾಕಿದ್ರೆ ಕಮ್ಮಿಗೆ ಸಿಗ್ತದೆ. ನಾವು ಹೋದದ್ದು ಹಾಗೆ, ಬಾರ್ಸಿಲೋನಾದಲ್ಲಿ ಹತ್ತಿ ಫೋರ್ಟ್ ಲಾಡರ್ಡೇಲ್‌ನಲ್ಲಿ ಇಳಿಯುದು, ನಡುವೆ ಸ್ಪೇನಿನ ಒಂದೆರಡು ಊರು, ಮತ್ತೆ ಪೋರ್ಚುಗಲ್‌ನವರ ಮದೀರಾ ದ್ವೀಪದ ಫುಂಚಾಲ್, ಅಲ್ಲಿಂದ ಆಚೆ ಸುಮಾರು ಒಂದು ವಾರ ನೀರು ಬಿಟ್ರೆ ಎಂತದೂ ಇಲ್ಲ. ಹತ್ತುವಾಗ ಸ್ವೆಟರ್ ಬೇಕಾಗುವ ಚಳಿ, ಇಳಿಯುವಾಗ ನಮ್ಮೂರಿನ ಹಾಗೆ ಬೆವರು. ಬಟ್ಟೆ ಜಾಸ್ತಿ ತುಂಬಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಆದ್ರೂ ನಾವು ತಗೊಂಡದ್ದು ಒಬ್ಬೊಬ್ಬರಿಗೆ ಒಂದೊಂದೇ ಸಣ್ಣ ಬ್ಯಾಗು.

ನಮ್ಮ ಕಾಸರಗೋಡಿನಲ್ಲಿ ಹೊರದೇಶ ಅಂದ್ರೆ ಗಲ್ಫ್, ಗಲ್ಫ್ ಅಂದ್ರೆ ಬಳ್ಳಿ ಕಟ್ಟಿದ ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಮಾರ್ಕರಲ್ಲಿ ಬರೆದ ಹೆಸರು. ಸಣ್ಣ ಬ್ಯಾಗು ಹಿಡ್ಕೊಂಡು ಹೊರಟವನನ್ನು ನೋಡಿದ್ರೆ ಪಾಪ ಕೆಲಸ ಹೋಯ್ತಾ ಅಂತ ಕೇಳ್ತಾರೆ. ಅದರ ಮೇಲೆ ಮಗಳ ಮನೆಗೆ ಹೋಗುದು, ಹಲಸಿನ ಹಪ್ಪಳ, ಮಾಂಬಳ, ಮಾವಿನ ಮಿಡಿ ಉಪ್ಪಿನಕಾಯಿ ಬಿಟ್ಟು ಹೋಗ್ಲಿಕ್ಕೆ ಉಂಟಾ? ಅದನ್ನು ನಾನು ಮೊದಲೇ ಇತ್ಯರ್ಥ ಮಾಡಿದೆ. ವಿಮಾನದಲ್ಲಿ ಸೀದಾ ಆ ಕಡೆ ಹೋಗುವ ಸಂಬಂಧಿಕರೊಬ್ಬರ ಪೆಟ್ಟಿಗೆಯಲ್ಲಿ ಎಲ್ಲ ಸೇರಿಸಿ ಕಳಿಸಿದ್ದಾಯ್ತು. ತಿನ್ನುವ ಸಾಮಾನು ಬ್ಯಾಗಿಂದ ಹೊರಗೆ ಹೋದ್ರೆ ಅರ್ಧ ಕೆಲಸ ಮುಗಿತದೆ, ಇದು ನಮ್ಮವರಿಗೆ ಮಾತ್ರ ಅರ್ಥ ಆಗುವ ಸತ್ಯ.

ಈಗ ಬಟ್ಟೆ. ಎಲ್ಲರೂ ಎಷ್ಟು ಜೊತೆ ಬೇಕು ಅಂತ ಲೆಕ್ಕ ಹಾಕ್ತಾರೆ, ನಾನು ಹಾಕಿದ ಲೆಕ್ಕ ಬೇರೆ, ಯಾವುದು ರಾತ್ರಿ ಒಗೆದ್ರೆ ಬೆಳಿಗ್ಗೆಗೆ ಒಣಗ್ತದೆ ಅಂತ. ಅದೊಂದು ಗೊತ್ತಾದ್ರೆ ಹದಿನೈದು ದಿನವೂ ಒಂದೇ, ಎರಡು ತಿಂಗಳೂ ಒಂದೇ. ಈ ವಿದ್ಯೆ ನಮಗೆ ಯಾರೂ ಕಲಿಸುದು ಬೇಡ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು, ಜೂನಿಂದ ಶುರುವಾದ್ರೆ ಅಂಗಳದಲ್ಲಿ ಬಟ್ಟೆ ಹಾಕುವ ಮಾತೇ ಇಲ್ಲ, ಜಗಲಿಯಲ್ಲಿ ಒಂದು ಬಳ್ಳಿ, ಬಚ್ಚಲು ಒಲೆಯ ಮೇಲೆ ಒಂದು ಬಳ್ಳಿ, ಅಟ್ಟದಲ್ಲಿ ಒಂದು, ಶಾಲೆಗೆ ಹೋಗುವ ಮಕ್ಕಳ ಯೂನಿಫಾರ್ಮಿಗೆ ಹೊಗೆ ವಾಸನೆ. ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಜೋರು ಮಳೆಯಲ್ಲಿ, ಮೂರು ಮಕ್ಕಳ ಬಟ್ಟೆ ಒಣಗಿಸಿದವಳಿಗೆ ಅಟ್ಲಾಂಟಿಕ್ ಯಾವ ಲೆಕ್ಕ.

ಹಾಗಾಗಿ ಪರೀಕ್ಷೆಯೂ ಮಳೆಗಾಲದಲ್ಲೇ ಮಾಡಿದೆ. ಅಕ್ಟೋಬರ್ ಕೊನೆಗೆ ಹೊರಡುದು, ಆಗಸ್ಟಿನಲ್ಲಿ ಜಡಿಮಳೆ ಬರುವಾಗ ತಗೊಂಡು ಹೋಗ್ಬೇಕು ಅಂತ ಎಣಿಸಿದ ಒಂದೊಂದೇ ಬಟ್ಟೆಯನ್ನು ರಾತ್ರಿ ಒಗೆದು ರೂಮಿನೊಳಗೆ ಬಾಗಿಲು ಹಾಕಿ ಫ್ಯಾನಿನಡಿಗೆ ಹಾಕುದು, ಬೆಳಿಗ್ಗೆ ಕೈ ಹಾಕಿ ನೋಡುದು. ಚಂಡಿ ಇದ್ರೆ ಫೇಲ್, ಒಣಗಿದ್ರೆ ಪಾಸ್. ಜೀನ್ಸ್ ಸೀದಾ ಫೇಲ್, ಅದರ ಸೊಂಟದ ಪಟ್ಟಿ ಮಾರನೇ ದಿನ ಸಂಜೆಗೂ ಹಾಗೇ ಇರ್ತದೆ. ದಪ್ಪ ಕಾಟನ್ ನೈಟಿ ಫೇಲ್. ರೇಯಾನ್ ಕುರ್ತಾ ನೋಡ್ಲಿಕ್ಕೆ ತೆಳ್ಳಗೆ ಇರ್ತದೆ, ಆದ್ರೆ ನೀರು ಕುಡಿದು ಭಾರ ಆಗಿ ಜೋತು ಬೀಳ್ತದೆ, ಅದೂ ಬೇಡ ಅಂತ ಆಯ್ತು. ಪಾಸಾದದ್ದು ಜಾರ್ಜೆಟ್, ಪಾಲಿಯೆಸ್ಟರ್ ಕ್ರೇಪ್, ಆಟದವರು ಹಾಕುವ ಟೀ ಶರ್ಟಿನ ಬಟ್ಟೆ, ಮತ್ತೆ ಇವರ ತೆಳು ಒಂಟಿ ಪಂಚೆ. ಲಂಗದ ವಿಷಯ ಒಂದು ಹೇಳ್ತೇನೆ, ಕಾಟನ್ ಲಂಗ ಕೆಳಗೆಲ್ಲ ಒಣಗಿದ್ರೂ ಲಾಡಿ ಹೋಗುವ ಪಟ್ಟಿ ಒಣಗುದೇ ಇಲ್ಲ, ಅಲ್ಲಿಂದಲೇ ಮುಗ್ಗು ವಾಸನೆ ಶುರು, ಹಾಗಾಗಿ ಸ್ಯಾಟಿನ್ ಲಂಗ.

ಎಲ್ಲಕ್ಕಿಂತ ಫಸ್ಟ್ ರ‍್ಯಾಂಕ್ ಬಂದದ್ದು ನಮ್ಮ ಬೈರಾಸು, ಮೈ ಒರಸುವ ತೆಳು ಬಟ್ಟೆ. ಆನ್‌ಲೈನಿನಲ್ಲಿ ಟ್ರಾವೆಲ್ ಟವೆಲ್ ಅಂತ ಸಾವಿರ ರೂಪಾಯಿಗೆ ಮಾರುದು ನೋಡಿದ್ದೇನೆ, ನಮ್ಮ ಪೇಟೆಯಲ್ಲಿ ತೋರ್ತು ಅಂತ ಕೇಳಿದ್ರೆ ಅದರ ಸಣ್ಣ ಪಾಲಿಗೆ ಕೊಡ್ತಾರೆ, ತೆಳು ನೇಯ್ಗೆ, ಹಿಂಡಿ ಹಾಕಿದ್ರೆ ಎರಡು ಮೂರು ಗಂಟೆಯಲ್ಲಿ ಗರಿಗರಿ. ಹಡಗಲ್ಲಿ ಟವೆಲ್ ಬೇಕಾದಷ್ಟು ಕೊಡ್ತಾರೆ, ಆದ್ರೂ ಬೈರಾಸು ಬೇಕು, ತಲೆಗೆ, ಹೆಗಲಿಗೆ, ಎಸಿ ಗಾಳಿಗೆ ಕುತ್ತಿಗೆಗೆ, ಒಣಗಿದ ಬಟ್ಟೆ ಕಟ್ಟಿಡ್ಲಿಕ್ಕೆ.

ಕೊನೆಗೆ ಬ್ಯಾಗಿಗೆ ಬಿದ್ದದ್ದು ನನ್ನದು ನಾಲ್ಕು ಕುರ್ತಾ, ಎರಡು ಪ್ಯಾಂಟು, ರಾತ್ರಿಗೆ ಒಂದು ತೆಳು ಜೊತೆ, ಒಳಬಟ್ಟೆ ಐದೈದು, ಒಂದು ಸ್ವೆಟರು, ಒಂದು ಮೈಸೂರು ಸಿಲ್ಕ್ ಸೀರೆ, ಅದಕ್ಕೆ ಎರಡು ಬಣ್ಣದ ರವಿಕೆ. ಇವರದ್ದು ನಾಲ್ಕು ಅಂಗಿ, ಎರಡು ಪ್ಯಾಂಟು, ಎರಡು ಪಂಚೆ, ಕೋಟು ಮೈಮೇಲೆಯೇ. ಬಣ್ಣ ಎಲ್ಲ ನೀಲಿ, ಬೂದಿ, ಕಪ್ಪು, ಒಟ್ಟಿಗೆ ನೆನೆ ಹಾಕಿದ್ರೂ ಒಂದರ ಬಣ್ಣ ಇನ್ನೊಂದಕ್ಕೆ ಹಿಡಿದದ್ದು ಕಾಣುದಿಲ್ಲ. ಬಿಳಿ ಒಂದೂ ಇಲ್ಲ. ಕಾಸರಗೋಡು ಸೀರೆ ತಗೊಂಡು ಹೋಗು, ಜಿ.ಐ. ಟ್ಯಾಗ್ (ಇಂಥ ಊರಿನದ್ದೇ ಅಂತ ಸರಕಾರ ಕೊಡುವ ಗುರುತು) ಸಿಕ್ಕಿದ ಸೀರೆ, ನಾಲ್ಕು ಜನ ನೋಡ್ಲಿ ಅಂತ ತಂಗಿ ಹೇಳಿದ್ಳು. ನನಗೂ ಅದರ ಮೇಲೆ ಪ್ರೀತಿ ಉಂಟು, ಆದ್ರೆ ಕಾಟನ್ ಸೀರೆಗೆ ಗಂಜಿ ಬೇಕು, ಇಸ್ತ್ರಿ ಬೇಕು, ಹಡಗಲ್ಲಿ ಇಸ್ತ್ರಿಪೆಟ್ಟಿಗೆ ಕ್ಯಾಬಿನಿಗೆ ತರ್ಲಿಕ್ಕೇ ಬಿಡುದಿಲ್ಲ. ಬೆಂಕಿಯ ಭಯ, ನಡು ಸಮುದ್ರದಲ್ಲಿ ಬೆಂಕಿ ಹಿಡಿದ್ರೆ ಎಲ್ಲಿಗೆ ಓಡುದು ಹೇಳಿ. ಹತ್ತುವಾಗ ಬ್ಯಾಗು ಸ್ಕ್ಯಾನ್ ಮಾಡಿ ಇಸ್ತ್ರಿಪೆಟ್ಟಿಗೆ, ಬಟ್ಟೆಯ ಸ್ಟೀಮರ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿದ್ರೆ ತೆಗೆದಿಡ್ತಾರೆ, ಇಳಿಯುವಾಗ ವಾಪಸ್. ಮೈಸೂರು ಸಿಲ್ಕ್ ಹಾಗಲ್ಲ, ಮುದ್ದೆ ಮಾಡಿ ತುರುಕಿಸಿ ತೆಗೆದು ಒಂದು ರಾತ್ರಿ ನೇತು ಹಾಕಿದ್ರೆ ಸುಕ್ಕು ಹೋಗ್ತದೆ. ಫಾರ್ಮಲ್ ನೈಟ್ ಅಂತ ಕೆಲವು ರಾತ್ರಿ ಊಟಕ್ಕೆ ಚಂದ ಮಾಡಿ ಹೋಗ್ಬೇಕು, ಎಲ್ಲದಕ್ಕೂ ಅದೇ ಸೀರೆ, ರವಿಕೆ ಮಾತ್ರ ಬೇರೆ. ಪಕ್ಕದ ಮೇಜಿನ ಇಂಗ್ಲಿಷ್ ಅಜ್ಜಿ ಎರಡನೇ ಸಲವೂ ಹೊಸ ಸೀರೆಯಾ ಅಂತ ಕೇಳಿದ್ರು, ಹೌದು ಅಂತ್ಲೂ ಹೇಳ್ಲಿಲ್ಲ ಅಲ್ಲ ಅಂತ್ಲೂ ಹೇಳ್ಲಿಲ್ಲ.

ತೂಕ ನೋಡಿದ್ದು ಅಡಿಕೆ ತೂಗುವ ತಕ್ಕಡಿಯಲ್ಲಿ. ನಮ್ಮ ದೇಶದೊಳಗಿನ ವಿಮಾನದಲ್ಲಿ ಕೈಬ್ಯಾಗಿಗೆ ಸಾಮಾನ್ಯ 7 ಕೆಜಿ, ಮಂಗಳೂರಿಂದ ಹೊರಡುವಾಗಲೇ ಅದು ದಾಟಬಾರ್ದು. ಇವರು ಮಾತ್ರೆಗಳನ್ನೆಲ್ಲ ಡಬ್ಬಿ ಸಮೇತ ಇಟ್ಟಿದ್ರು, ನಾನು ಸ್ಟ್ರಿಪ್ ಮಾತ್ರ ಡಾಕ್ಟರ ಚೀಟಿಯ ಜೊತೆ ಇಡಿಸಿದೆ, ಅದರಲ್ಲೇ ಒಳ್ಳೆ ಜಾಗ ಸಿಕ್ಕಿತು.

ಒಗೆಯುವ ಸಾಮಾನು ಅಂದ್ರೆ ಬಟ್ಟೆ ಸೋಪಿನ ಬಾರನ್ನು ಕತ್ತಿಯಲ್ಲಿ ತುಂಡು ಮಾಡಿ ಡಬ್ಬಿಯಲ್ಲಿ (ದ್ರವ ಅಲ್ಲ, ಹಾಗಾಗಿ ವಿಮಾನದ 100 ಎಂಎಲ್ ತಕರಾರು ಇಲ್ಲ), ಒಂದು ತೆಳು ನೈಲಾನ್ ಬಳ್ಳಿ, ಹತ್ತು ಕ್ಲಿಪ್ಪು, ಒಂದು ದೊಡ್ಡ ಜಿಪ್ ತೊಟ್ಟೆ, ಮತ್ತೆ ನಾಲ್ಕು ಮ್ಯಾಗ್ನೆಟ್ ಹುಕ್ಕು. ಈ ಹುಕ್ಕಿನ ವಿಷಯ ಮಗಳು ಹೇಳಿದ್ದು, ಹಡಗಿನ ಕ್ಯಾಬಿನ್ನಿನ ಗೋಡೆ ಒಳಗೆ ಕಬ್ಬಿಣ, ಎಲ್ಲಿ ಇಟ್ಟರೂ ಅಂಟ್ತದೆ, ಮೊಳೆ ಬೇಡ. ಎಳೆದ್ರೆ ಜಾರ್ತದೆ, ಆದ್ರೆ ಒಂದು ಹ್ಯಾಂಗರ್, ಅದರಲ್ಲಿ ಒಂದು ಕುರ್ತಾ ಆರಾಮಲ್ಲಿ ನಿಲ್ತದೆ.

ಬಾಲ್ದಿ ಇಲ್ಲ, ಚೊಂಬು ಇಲ್ಲ, ಒಗೆಯುವ ಕಲ್ಲು ಕೇಳುದೇ ಬೇಡ. ಮೀಯುವ ಜಾಗದಲ್ಲಿ ಒಬ್ಬರು ನಿಂತ್ರೆ ಮೊಣಕೈ ಗೋಡೆಗೆ ತಾಗ್ತದೆ. ನಾನು ಮಾಡಿದ್ದು ಹೀಗೆ: ಸಂಜೆ ಊಟಕ್ಕೆ ಹೋಗುವ ಮೊದಲು ಆ ದಿನದ ಬಟ್ಟೆಯನ್ನು ಜಿಪ್ ತೊಟ್ಟೆಗೆ ಹಾಕಿ, ಬಿಸಿನೀರು, ಸೋಪು ಉಜ್ಜಿ, ಗಾಳಿ ತೆಗೆದು ಬಾಯಿ ಮುಚ್ಚಿ ಸಿಂಕಿನಲ್ಲಿ ಇಟ್ಟುಬಿಡುದು. ಹಡಗು ಅಲ್ಲಾಡುವ ದಿನ ಕುಲುಕುವ ಕೆಲಸವೂ ಅದೇ ಮಾಡ್ತದೆ. ಊಟ ಮುಗಿಸಿ ಬಂದು ಮೀಯುವಾಗ ಬಟ್ಟೆಯನ್ನು ಕಾಲಡಿಗೆ ಹಾಕಿ ತುಳಿದು, ಅಲ್ಲೇ ಶವರಿನಲ್ಲಿ ಅಲುಂಬುದು. ಸೋಪು ಕಮ್ಮಿ ಹಾಕಿ, ಅಲ್ಲಿನ ನೀರಲ್ಲಿ ನೊರೆ ವಿಪರೀತ ಬರ್ತದೆ, ಸಮುದ್ರದ ನೀರನ್ನೇ ಉಪ್ಪು ತೆಗೆದು ಕೊಡುದು, ಗಡಸು ಇಲ್ಲ, ಸೋಪು ಬೇಗ ಬಿಡುದಿಲ್ಲ.

ಆಮೇಲಿನದ್ದೇ ಮುಖ್ಯ. ಕೈಯಲ್ಲಿ ಎಷ್ಟು ಹಿಂಡಿದ್ರೂ ಸಾಕಾಗುದಿಲ್ಲ. ಹಡಗಿನ ದಪ್ಪ ಟವೆಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕುರ್ತಾ ಬಿಡಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಹತ್ತಿ ನಿಲ್ಲುದು, ಎರಡು ಸಲ ಆಚೆ ಈಚೆ ನಡೆಯುದು. ಇವರನ್ನು ನಿಲ್ಲಿಸಿದ್ರೆ ಇನ್ನೂ ಒಳ್ಳೆದು, ತೂಕ ಜಾಸ್ತಿ. ಅರ್ಧ ನೀರು ಟವೆಲಿಗೆ ಹೋಗ್ತದೆ. ಮತ್ತೆ ಹ್ಯಾಂಗರಿಗೆ ಹಾಕಿ ಎಳೆದು ನೇರ ಮಾಡಿ ನೇತು ಹಾಕಿದ್ರೆ ಇಸ್ತ್ರಿಯೂ ಬೇಡ.

ಎಲ್ಲಿ ನೇತು ಹಾಕುದು ಅಂತ. ಹೆಚ್ಚಿನವರು ಬಾತ್‌ರೂಮಿನೊಳಗೆ ಇರುವ ಎಳೆಯುವ ದಾರದ ಮೇಲೆ ಹಾಕಿ ಬಾಗಿಲು ಮುಚ್ತಾರೆ, ಬೆಳಿಗ್ಗೆ ಒಣಗ್ಲಿಲ್ಲ ಅಂತ ಹೇಳ್ತಾರೆ. ಬಿಸಿನೀರಿನ ಹಬೆ ತುಂಬಿದ ಗೂಡು ಅದು, ಹೇಗೆ ಒಣಗುದು? ಅಲ್ಲಿ ನೀರು ತೊಟ್ಟಿಕ್ಕುವಷ್ಟು ಹೊತ್ತು ಮಾತ್ರ, ಮತ್ತೆ ಕ್ಯಾಬಿನ್ನಿಗೆ, ಎಸಿ ಗಾಳಿ ಬೀಳುವ ಕಡೆ. ಎಸಿ ರೂಮಿನ ಗಾಳಿ ಒಣ, ಗಂಟಲು ಒಣಗುದಿಲ್ವಾ ರಾತ್ರಿ, ಹಾಗೆ ಬಟ್ಟೆಯೂ ಒಣಗ್ತದೆ. ಬಾಲ್ಕನಿ ಇದ್ದವರಿಗೆ ಆಸೆ ಆಗ್ತದೆ, ಅಷ್ಟು ಗಾಳಿ ಅಷ್ಟು ಬಿಸಿಲು ಅಂತ, ಆದ್ರೆ ಅಲ್ಲಿ ಬಟ್ಟೆ ಹಾಕ್ಲಿಕ್ಕೆ ಬಿಡುದಿಲ್ಲ, ಹಾರಿ ಹೋದ್ರೆ ಕಷ್ಟ. ಬಿಟ್ಟರೂ ನಾನು ಹಾಕ್ತಿರ್ಲಿಲ್ಲ. ಕುಂಬಳೆ, ಮಂಜೇಶ್ವರ ಕಡಲ ಬದಿಯ ಮನೆಯವರತ್ರ ಕೇಳಿ, ಕಡಲ ಗಾಳಿಗೆ ಹಾಕಿದ ಬಟ್ಟೆಯಲ್ಲಿ ಉಪ್ಪು ಕೂತು ಮತ್ತೆ ಗಾಳಿಯ ನೀರನ್ನೇ ಹೀರ್ತದೆ, ಎಷ್ಟು ಹೊತ್ತಾದ್ರೂ ಅಂಟು ಅಂಟು.

ಪಶ್ಚಿಮಕ್ಕೆ ಹೋಗುವಾಗ ಇನ್ನೊಂದು ಲಾಭ ಉಂಟು. ಬಾರ್ಸಿಲೋನಾಕ್ಕೂ ಫ್ಲೋರಿಡಾಕ್ಕೂ ಆ ಸಮಯದಲ್ಲಿ 6 ಗಂಟೆಯ ವ್ಯತ್ಯಾಸ, ಅದನ್ನು ದಾರಿಯಲ್ಲಿ ಕೆಲವು ರಾತ್ರಿ ಒಂದೊಂದು ಗಂಟೆ ಗಡಿಯಾರ ಹಿಂದೆ ಮಾಡಿ ಸರಿ ಮಾಡ್ತಾರೆ, ಆ ರಾತ್ರಿ ನಮಗೆ ನಿದ್ರೆಯೂ ಬಟ್ಟೆಗೆ ಗಾಳಿಯೂ ಒಂದು ಗಂಟೆ ಜಾಸ್ತಿ. ಬೆಳಿಗ್ಗೆ ಕ್ಯಾಬಿನ್ ಗುಡಿಸುವ ಹುಡುಗ ಬರುವ ಮೊದಲು ಎಲ್ಲ ತೆಗೆದು ಮಡಚಿ ಇಡ್ತಿದ್ದೆ. ಇಂಡೋನೇಷ್ಯಾದ ಹುಡುಗ, ಒಳ್ಳೆಯವ, ಅವನ ತಲೆಗೆ ನಮ್ಮ ಚಂಡಿ ಪಂಚೆ ತಾಗುದು ಸರಿಯಲ್ಲ. ಟವೆಲ್ ದಿನಾ ಒದ್ದೆ ಮಾಡ್ತಿದ್ದದ್ದಕ್ಕೆ ಕೊನೆಗೆ ಅವನಿಗೆ ಟಿಪ್ಸ್ ಸ್ವಲ್ಪ ಜಾಸ್ತಿಯೇ ಕೊಟ್ಟೆವು.

ಹಡಗಿನವರೇ ಒಗೆದು ಕೊಡುದೂ ಉಂಟು. ಕಪಾಟಿನಲ್ಲಿ ಒಂದು ಚೀಲ, ಒಂದು ಫಾರ್ಮ್ ಇರ್ತದೆ, ಬರೆದು ಕೊಟ್ಟರೆ ಒಂದೆರಡು ದಿನದಲ್ಲಿ ಬರ್ತದೆ. ಆದ್ರೆ ಒಂದೊಂದು ಬಟ್ಟೆಗೆ ಡಾಲರ್ ಲೆಕ್ಕ, ಒಂದು ಅಂಗಿ ಒಗೆಸುವ ದುಡ್ಡಲ್ಲಿ ಊರಲ್ಲಿ ಬೈರಾಸಿನ ಕಟ್ಟೇ ಬರಬಹುದೋ ಏನೋ. ಉದ್ದದ ಪ್ರಯಾಣದಲ್ಲಿ ನಡುವೆ ಒಂದು ದಿನ ಚೀಲಕ್ಕೆ ಹಿಡಿದಷ್ಟಕ್ಕೆ ಒಂದೇ ರೇಟು ಅಂತ ಚೀಟಿ ಇಡ್ತಾರೆ, ಅದಕ್ಕೆ ಕಾಯ್ಬೇಕು. ನಾವು ಪ್ಯಾಂಟು, ಸ್ವೆಟರು, ಕೈಯಲ್ಲಿ ಒಗೆಯಲು ಕಷ್ಟದ್ದನ್ನೆಲ್ಲ ಅದಕ್ಕೇ ಇಟ್ಟಿದ್ದು, ಗಟ್ಟಿ ಸುರುಳಿ ಸುತ್ತಿ ತುಂಬಿಸಿದ್ರೆ ನೋಡುವುದಕ್ಕಿಂತ ಡಬಲ್ ಹಿಡಿತದೆ. ರೇಷ್ಮೆ, ಇಲಾಸ್ಟಿಕ್ ಇದ್ದದ್ದು ಮಾತ್ರ ಕೊಡ್ಬೇಡಿ, ಅವರ ಡ್ರೈಯರಿನ ಬಿಸಿಗೆ ಕುಗ್ಗಿ ಮೊಮ್ಮಕ್ಕಳಿಗೆ ಆದೀತು.

ಟಿಕೆಟ್ ತೆಗೆಯುವ ಮೊದಲು ಇದನ್ನೂ ನೋಡಿ, ಕೆಲವು ಕಂಪೆನಿಯ ಹಡಗಲ್ಲಿ ನಾವೇ ಒಗೆಯುವ ಮೆಷಿನ್ ರೂಮು ಇರ್ತದೆ, ಕ್ಯುನಾರ್ಡ್, ವೈಕಿಂಗ್ ಸಮುದ್ರ ಹಡಗುಗಳಲ್ಲಿ ಫ್ರೀ, ಪ್ರಿನ್ಸೆಸ್‌ನಲ್ಲಿ ದುಡ್ಡು ಕೊಟ್ಟು. ರಾಯಲ್ ಕೆರಿಬಿಯನ್, ಸೆಲೆಬ್ರಿಟಿಯಲ್ಲಿ ಇಲ್ಲವೇ ಇಲ್ಲ. ಇದ್ದ ಕಡೆ ನೀರಲ್ಲೇ ಇರುವ ದಿನ ಹಗಲು ಹೋಗ್ಬೇಡಿ, ನಮ್ಮ ರೇಷನ್ ಅಂಗಡಿಯ ಕ್ಯೂ. ಎಲ್ಲರೂ ಊರು ನೋಡ್ಲಿಕ್ಕೆ ಇಳಿದಾಗ, ಇಲ್ಲದಿದ್ರೆ ಬೆಳಿಗ್ಗೆ ಬೇಗ. ಸ್ಪೇನಿನ ಊರುಗಳಲ್ಲಿ ಲಾವಂದೆರಿಯಾ ಅಂತ ಬೋರ್ಡ್ ಹಾಕಿದ ಮೆಷಿನ್ ಅಂಗಡಿಗಳೂ ಉಂಟು, ಅಷ್ಟು ದೂರ ಹೋಗಿ ಅಲ್ಲಿ ಕೂರುದು ಯಾಕೆ ಅಂತ ನಾವು ಹೋಗ್ಲಿಲ್ಲ.

ಇಳಿಯುವ ಹಿಂದಿನ ದಿನಗಳಲ್ಲಿ ಒಗೆಯುದು ಮೊದಲೇ ನಿಲ್ಲಿಸಿ, ಫ್ಲೋರಿಡಾ ಹತ್ತಿರ ಬಂದ ಹಾಗೆ ಹೊರಗಿನ ಹವೆಯೇ ಚಂಡಿ, ಅರೆ ಒಣಗಿದ್ದನ್ನು ಬ್ಯಾಗಿಗೆ ತುಂಬಿಸಿದ್ರೆ ಎಲ್ಲದಕ್ಕೂ ಮುಗ್ಗು ಹಿಡಿತದೆ. ಕೊನೇ ರಾತ್ರಿ ದೊಡ್ಡ ಪೆಟ್ಟಿಗೆಯವರೆಲ್ಲ ಟ್ಯಾಗ್ ಕಟ್ಟಿ ಕ್ಯಾಬಿನ್ ಹೊರಗೆ ಇಟ್ಟು ಮಲಗ್ಬೇಕು, ಬೆಳಿಗ್ಗೆ ಕೆಳಗೆ ರಾಶಿಯಲ್ಲಿ ಹುಡುಕ್ಬೇಕು. ತನ್ನ ಬ್ಯಾಗು ತಾನೇ ಎತ್ತಿಕೊಂಡು ಹೋಗುವವರನ್ನು ಮೊದಲು ಬಿಡ್ತಾರೆ. ನಾವು ಕಾಫಿ ಕುಡಿದು ಎರಡು ಸಣ್ಣ ಬ್ಯಾಗು ಎಳ್ಕೊಂಡು ಇಳಿದು, ಪಾಸ್‌ಪೋರ್ಟ್ ತೋರಿಸಿ ಹೊರಗೆ ಬಂದಾಗ ಅಳಿಯ ಇನ್ನೂ ಪಾರ್ಕಿಂಗ್ ಹುಡುಕ್ತಾ ಇದ್ದ.